ಇಟಲಿಯ ಅತಿಥಿ, ಗುಡಿಯ ಜಗುಲಿ, ನಾಲ್ವರು ಮಕ್ಕಳು

ಪ್ರಯಾಣ ಹೊರಟವರಿಗೆ ಹಗಲು ಹೇಗೋ ಕಳೆದುಹೋಗುತ್ತದೆ. ಹೊತ್ತು ಇಳಿಯುತ್ತಿದ್ದಂತೆ ಚಿಂತೆ ಶುರು. ಈ ರಾತ್ರಿ ಎಲ್ಲಿ ತಂಗುವುದು? ಬಾಡಿಗೆ ಎಷ್ಟು? ಕುಡಿಯುವ ನೀರು, ಸ್ನಾನಕ್ಕೆ ಬಿಸಿನೀರು ಸಿಗುತ್ತದೆಯೇ? ಬಳ್ಳಾರಿಯಿಂದ ಗೋಕರ್ಣಕ್ಕೆ ಹೋದವರಿಗೂ ಇದೇ ಚಿಂತೆ, ದೂರದ ಇಟಲಿಯ ವೆನಿಸಿಗೆ ಹೋದವರಿಗೂ ಇದೇ ಚಿಂತೆ.

ಇಟಲಿ ಎಂದರೆ ಈಗ ನಮಗೆ ತೀರ ದೂರದ ಮಾತಲ್ಲ. ಓದಲು, ಕೆಲಸ ಮಾಡಲು ಯುರೋಪಿಗೆ ಹೋದ ನಮ್ಮ ಮಕ್ಕಳು ತಂದೆ ತಾಯಿಯನ್ನು ಒಮ್ಮೆ ಕರೆಸಿಕೊಂಡು ಊರು ತೋರಿಸುತ್ತಾರೆ. ಆ ದೇಶದ ಮೂರು ಕಡೆ ಸಮುದ್ರ. ವೆನಿಸ್, ನೇಪಲ್ಸ್, ಜಿನೋವಾ ಎಲ್ಲವೂ ಕಡಲ ದಂಡೆಯ ಊರುಗಳು. ಅಲ್ಲಿ ಕಡಿಮೆ ಬಾಡಿಗೆಗೆ ಕೋಣೆ ಹಿಡಿಯುವುದಕ್ಕೂ ಒಂದು ಲೆಕ್ಕಾಚಾರವಿದೆ. ಮೊದಲು ಅದನ್ನು ನೋಡೋಣ. ಆಮೇಲೆ, 400 ವರ್ಷಗಳ ಹಿಂದೆ ಇಟಲಿಯವನೊಬ್ಬ ನಮ್ಮ ಕಡಲ ಊರಿಗೆ ಬಂದಾಗ ಅವನಿಗೆ ಎಂಥ ಜಾಗ ಸಿಕ್ಕಿತು ಎಂಬುದನ್ನು ನೋಡೋಣ. ಕಥೆಯ ಸ್ವಾರಸ್ಯ ಇರುವುದು ಅಲ್ಲಿ.

ಕಡಲ ಊರಿನ ಅಗ್ಗದ ಕೋಣೆ

ವೆನಿಸ್ ನೂರಕ್ಕೂ ಹೆಚ್ಚು ಸಣ್ಣ ದ್ವೀಪಗಳ ಮೇಲೆ ನಿಂತ ಊರು. ಅಲ್ಲಿ ಬಸ್ಸಿಲ್ಲ, ಆಟೊ ಇಲ್ಲ. ರಸ್ತೆಯ ಬದಲು ಕಾಲುವೆ, ಬಸ್ಸಿನ ಬದಲು ದೋಣಿ. ಊರಿನೊಳಗೆ ಕೋಣೆಯ ಬಾಡಿಗೆ ಹೆಚ್ಚು. ಹಾಗಾಗಿ ಕೈ ಬಿಗಿ ಹಿಡಿದು ಖರ್ಚು ಮಾಡುವವರು ನೀರಿನ ಈಚೆ ದಡದಲ್ಲಿರುವ ಮೆಸ್ತ್ರೆ ಎಂಬಲ್ಲಿ ಉಳಿಯುತ್ತಾರೆ. ಅಲ್ಲಿಂದ ರೈಲು ಹತ್ತಿ, ಸಮುದ್ರದ ಹಿನ್ನೀರಿನ ಮೇಲೆ ಕಟ್ಟಿದ ಸೇತುವೆ ದಾಟಿದರೆ ಸುಮಾರು ಹತ್ತು ನಿಮಿಷದಲ್ಲಿ ವೆನಿಸ್.

ಬಾಡಿಗೆಯ ಜೊತೆಗೆ ಇನ್ನೊಂದು ಬಾಬತ್ತು ಉಂಟು. ಇಟಲಿಯ ಬಹಳಷ್ಟು ಊರುಗಳಲ್ಲಿ ತಲೆಗೆ ಇಷ್ಟು, ರಾತ್ರಿಗೆ ಇಷ್ಟು ಎಂದು ಪ್ರವಾಸಿ ತೆರಿಗೆ ಇದೆ. ಅದನ್ನು ಹೋಟೆಲಿನಲ್ಲೇ ಕಟ್ಟಬೇಕು. ಚಿಕ್ಕ ಮಕ್ಕಳಿಗೆ ವಿನಾಯಿತಿ ಇರುತ್ತದೆ. ಎಷ್ಟು ವಯಸ್ಸಿನವರೆಗೆ ಎಂಬುದು ಊರಿಂದ ಊರಿಗೆ ಬೇರೆ. ವೆನಿಸಿನಲ್ಲಿ 2024ರಿಂದ, ಜನಜಂಗುಳಿ ಇರುವ ಕೆಲವು ದಿನಗಳಲ್ಲಿ, ಬೆಳಿಗ್ಗೆ ಬಂದು ಸಂಜೆ ಮರಳುವವರಿಗೂ 5 ಯೂರೊದಿಂದ ಶುರುವಾಗುವ ಪ್ರವೇಶ ಶುಲ್ಕ ಹಾಕಿದ್ದಾರೆ.

ಅಜ್ಜ ಅಜ್ಜಿಯರು ಕೋಣೆ ಕಾಯ್ದಿರಿಸುವ ಮೊದಲು ಎರಡು ವಿಷಯ ಕೇಳಿ ತಿಳಿಯಬೇಕು. ಒಂದು, ಲಿಫ್ಟ್ ಇದೆಯೇ? ಹಳೆಯ ಕಟ್ಟಡಗಳಲ್ಲಿ ಎಷ್ಟೋ ಕಡೆ ಇರುವುದಿಲ್ಲ. ಮಂಡಿ ನೋವಿದ್ದವರು ಮೂರನೇ ಮಹಡಿಗೆ ಪೆಟ್ಟಿಗೆ ಹೊತ್ತು ಹತ್ತಬೇಕಾದೀತು. ಎರಡು, ಬಚ್ಚಲು ಕೋಣೆಯೊಳಗೇ ಇದೆಯೇ, ಇಲ್ಲಾ ನಾಲ್ಕು ಕೋಣೆಗೆ ಸೇರಿ ಹೊರಗೆ ಒಂದಿದೆಯೇ? ಇನ್ನು ಒಳಗೆ ಹೋದ ಕೂಡಲೇ ಪಾಸ್‌ಪೋರ್ಟ್ ಕೇಳುತ್ತಾರೆ. ಗಾಬರಿ ಬೇಡ. ತಂಗಿದವರ ವಿವರವನ್ನು ಪೊಲೀಸರಿಗೆ ಕಳಿಸಬೇಕೆಂಬುದು ಅಲ್ಲಿಯ ಕಾನೂನು. ವೀಸಾಕ್ಕೆ ಅರ್ಜಿ ಹಾಕುವಾಗಲೇ ಎಲ್ಲಿ ತಂಗುತ್ತೇವೆ ಎಂಬುದಕ್ಕೆ ಕಾಗದ ಬೇಕು, ಕಡಿಮೆಯೆಂದರೂ 30,000 ಯೂರೊ ಮೊತ್ತದ ಪ್ರಯಾಣ ವಿಮೆಯೂ ಬೇಕು.

ಒಟ್ಟಿನಲ್ಲಿ ಮನೆ ಬಿಡುವ ಮೊದಲೇ ಮಲಗುವ ಹಾಸಿಗೆ ಗೊತ್ತಿರುತ್ತದೆ. ಹಿಂದಿನ ಕಾಲದ ಪ್ರಯಾಣಿಕನಿಗೆ ಈ ಭಾಗ್ಯ ಇರಲಿಲ್ಲ.

ವೆನಿಸಿನಿಂದ ಹೊರಟವನು

ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬಾತ 1586ರಲ್ಲಿ ರೋಮ್ ನಗರದ ದೊಡ್ಡ ಮನೆತನದಲ್ಲಿ ಹುಟ್ಟಿದ. ಮೆಚ್ಚಿದ ಹುಡುಗಿಯ ಜೊತೆ ಮದುವೆ ಆಗದೆ ಹೋಯಿತು, ಮನಸ್ಸು ಮುರಿಯಿತು. ಕಡಲ ಊರಾದ ನೇಪಲ್ಸಿನಲ್ಲಿ ಅವನಿಗೊಬ್ಬ ಗೆಳೆಯನಿದ್ದ, ಮಾರಿಯೊ ಸ್ಕಿಪಾನೊ ಎಂಬ ವೈದ್ಯಶಾಸ್ತ್ರದ ಪಂಡಿತ. ಕೊರಗುತ್ತ ಕೂರುವ ಬದಲು ದೇಶ ಸುತ್ತು ಎಂದು ಬುದ್ಧಿ ಹೇಳಿದವನು ಅವನೇ. 1614ರ ಜೂನ್ ತಿಂಗಳಲ್ಲಿ ದೆಲ್ಲಾ ವಾಲ್ಲೆ ವೆನಿಸಿನಲ್ಲಿ ಹಡಗು ಹತ್ತಿದ. ಆಗ ಅವನಿಗೆ 28 ವರ್ಷ. ಮರಳಿ ರೋಮ್ ಸೇರಿದ್ದು 1626ರಲ್ಲಿ. ನಡುವಿನ ಹನ್ನೆರಡು ವರ್ಷ ಕಂಡದ್ದನ್ನೆಲ್ಲ ಆ ಗೆಳೆಯನಿಗೆ ಉದ್ದುದ್ದ ಪತ್ರಗಳಲ್ಲಿ ಬರೆದ.

ಬಾಗ್ದಾದಿನಲ್ಲಿ ಅವನು ಸಿತ್ತಿ ಮಾನಿ ಎಂಬ ಹೆಣ್ಣುಮಗಳನ್ನು ಮದುವೆಯಾದ. ಅವಳು ಗಂಡನ ಜೊತೆಗೇ ಪರ್ಷಿಯಾ ಸುತ್ತಿದಳು. 1621ರ ಕೊನೆಯಲ್ಲಿ ಜ್ವರ ಬಂದು ದಾರಿಯಲ್ಲೇ ತೀರಿಕೊಂಡಳು. ಪರದೇಶದ ಮಣ್ಣಿನಲ್ಲಿ ಅವಳನ್ನು ಬಿಟ್ಟು ಬರಲು ಅವನಿಗೆ ಮನಸ್ಸಾಗಲಿಲ್ಲ. ದೇಹ ಕೆಡದಂತೆ ಮಾಡಿಸಿ, ಪೆಟ್ಟಿಗೆಯಲ್ಲಿಟ್ಟು, ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕಾಪಾಡಿಕೊಂಡು ಹೋಗಿ, ಕೊನೆಗೆ ರೋಮ್ ನಗರದಲ್ಲಿ ತನ್ನ ಮನೆತನದವರ ಸಮಾಧಿಯ ಜಾಗದಲ್ಲೇ ಅವಳನ್ನು ಮಣ್ಣು ಮಾಡಿದ. ಅಷ್ಟು ದುಃಖ ಹೊತ್ತವನ ಕಣ್ಣು ದಾರಿಯಲ್ಲಿ ಕಂಡ ಸಣ್ಣ ಸಂಗತಿಗಳನ್ನು ಬಿಡದೆ ನೋಡಿತು. ಅದೇ ಅವನ ದೊಡ್ಡತನ.

ಹೊನ್ನಾವರದಿಂದ ಇಕ್ಕೇರಿಗೆ

1623ರ ಫೆಬ್ರವರಿಯಲ್ಲಿ ಅವನು ಸೂರತ್ತಿನಲ್ಲಿ ಇಳಿದ. ಅಲ್ಲಿಂದ ಗೋವಾ. ಆಗ ನಮ್ಮ ಮಲೆನಾಡಿನಲ್ಲಿ ಇಕ್ಕೇರಿಯ ವೆಂಕಟಪ್ಪ ನಾಯಕನ ಆಳ್ವಿಕೆ. ಕರಾವಳಿಯ ಕರಿಮೆಣಸಿಗಾಗಿ ಪೋರ್ಚುಗೀಸರಿಗೆ ಅವನ ಸ್ನೇಹ ಬೇಕಿತ್ತು. ಅವರು ಗೋವಾದಿಂದ ಒಬ್ಬ ರಾಯಭಾರಿಯನ್ನು ಕಳಿಸಿದರು. ದೆಲ್ಲಾ ವಾಲ್ಲೆ ಆ ತಂಡದ ಜೊತೆ ಸೇರಿಕೊಂಡ. ವ್ಯಾಪಾರ ಅವನಿಗೆ ಬೇಕಿರಲಿಲ್ಲ, ನಾಡು ನೋಡುವ ಆಸೆ ಅಷ್ಟೇ.

ಅಕ್ಟೋಬರಿನಲ್ಲಿ ಕಡಲ ಹಾದಿಯಾಗಿ ಹೊನ್ನಾವರ. ಅಲ್ಲಿ ಆಗ ಪೋರ್ಚುಗೀಸರ ಕೋಟೆ ಇತ್ತು. ಅಲ್ಲಿಂದ ದೋಣಿಯಲ್ಲಿ ಶರಾವತಿ ನದಿಯ ಮೇಲೆ ಗೇರುಸೊಪ್ಪೆಯವರೆಗೆ. ತಾನು ಕಂಡ ಅತಿ ಸುಂದರ ನದಿಗಳಲ್ಲಿ ಇದೊಂದು ಎಂದು ಅವನು ಮೆಚ್ಚಿ ಬರೆದಿದ್ದಾನೆ. ಆಮೇಲೆ ಘಟ್ಟ ಹತ್ತಿ, ಕಾಡು ದಾಟಿ, ಈಗಿನ ಸಾಗರದ ಹತ್ತಿರವಿರುವ ಇಕ್ಕೇರಿ. ಅಲ್ಲಿಯ ಅಘೋರೇಶ್ವರ ದೇವಾಲಯವನ್ನೂ ಅವನು ನೋಡಿ ಬರೆದಿದ್ದಾನೆ. ಮಕ್ಕಳೇ, ಶಾಲೆಯ ಪ್ರವಾಸದಲ್ಲಿ ಜೋಗಕ್ಕೆ ಹೋದಾಗ ಇಕ್ಕೇರಿಗೂ ಹೋಗಿಬನ್ನಿ. ಆ ದೇವಾಲಯ ಇಂದಿಗೂ ಗಟ್ಟಿಯಾಗಿ ನಿಂತಿದೆ.

ಆ ದಾರಿಯಲ್ಲಿ ಲಾಡ್ಜ್ ಎಲ್ಲಿಂದ ಬರಬೇಕು? ದಾರಿಹೋಕರು ಗುಡಿಯಲ್ಲಿ ಮಲಗಿ ಎದ್ದು ಹೋಗುವುದು ನಮ್ಮ ನಾಡಿನ ಹಳೆಯ ರೂಢಿ. ಈ ತಂಡಕ್ಕೂ ದಾರಿಯಲ್ಲಿ ನೆರಳು ಕೊಟ್ಟದ್ದು ಗುಡಿಗಳೇ. ಒಂದು ಕಡೆ, ಹೊರೆಯಾಳುಗಳು ಸಾಮಾನು ಕಟ್ಟಿಕೊಳ್ಳುವವರೆಗೆ ಹೊತ್ತು ಕಳೆಯಬೇಕಿತ್ತು. ದೆಲ್ಲಾ ವಾಲ್ಲೆ ಗುಡಿಯ ಜಗುಲಿಯಲ್ಲಿ ಕುಳಿತ. ಅಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದರು.

ಹಾಡು, ಮರಳು, ಮಗ್ಗಿ

ಮೇಷ್ಟ್ರು ಅಲ್ಲಿರಲಿಲ್ಲ. ಪಾಠ ಹೇಳಿಸಿಕೊಂಡು ಬಂದ ಹುಡುಗರು ಅದನ್ನು ಬಾಯಿಪಾಠ ಮಾಡುತ್ತಿದ್ದರು. ಒಬ್ಬ ರಾಗವಾಗಿ ಒಂದು ಸಾಲು ಹಾಡುವುದು. ನಮ್ಮ 'ಎರಡೊಂದ್ಲಿ ಎರಡು, ಎರಡೆರಡ್ಲಿ ನಾಲ್ಕು' ಇದ್ದ ಹಾಗೆ. ಹಾಡುತ್ತಲೇ ಆ ಅಂಕಿಯನ್ನು ಬೆರಳಿನಿಂದ ನೆಲದ ಮೇಲೆ ಬರೆಯುವುದು. ನೆಲದ ತುಂಬ ನುಣ್ಣನೆಯ ಮರಳು ಹರಡಿತ್ತು. ಅವನು ಮುಗಿಸಿದ ಮೇಲೆ ಉಳಿದವರೆಲ್ಲ ಅದನ್ನೇ ಒಟ್ಟಿಗೆ ಹಾಡಿ, ಒಟ್ಟಿಗೆ ಬರೆಯುವುದು. ನೆಲ ತುಂಬಿದರೆ ಅಳಿಸಿ, ಪಕ್ಕದ ಗುಡ್ಡೆಯಿಂದ ಹೊಸ ಮರಳು ಹರಡಿಕೊಳ್ಳುವುದು. ಕಾಗದದ ಖರ್ಚಿಲ್ಲ, ಶಾಯಿಯ ಖರ್ಚಿಲ್ಲ. ರಾಗವಾಗಿ ಹೇಳಿದ್ದು ನೆನಪಿನಲ್ಲಿ ಆಳವಾಗಿ ಊರುತ್ತದೆ ಎಂಬುದನ್ನು ಆ ಇಟಲಿಯವನು ತಕ್ಷಣ ಗುರುತಿಸಿದ.

ಅವನಿಗೊಂದು ಅನುಮಾನ ಬಂತು. ಮೇಷ್ಟ್ರೇ ಇಲ್ಲ, ಪಾಠ ಮರೆತರೆ ಅಥವಾ ತಪ್ಪಿದರೆ ತಿದ್ದುವವರು ಯಾರು? ಹುಡುಗರನ್ನೇ ಕೇಳಿದ. ನಾವು ನಾಲ್ವರೂ ಒಂದೇ ಜಾಗದಲ್ಲಿ ಮರೆಯುವುದು ಆಗದ ಮಾತು, ಒಬ್ಬ ತಪ್ಪಿದರೆ ಮತ್ತೊಬ್ಬ ತಿದ್ದುತ್ತಾನೆ ಎಂಬ ಅರ್ಥದಲ್ಲಿ ಅವರು ಉತ್ತರ ಕೊಟ್ಟರು. ದೆಲ್ಲಾ ವಾಲ್ಲೆ ತಲೆದೂಗಿ, ಇದು ಸುಲಭವಾದ, ಭದ್ರವಾದ ವಿಧಾನ ಎಂದು ನೇಪಲ್ಸಿನ ಗೆಳೆಯನಿಗೆ ಬರೆದ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಕಂಪ್ಯೂಟರ್ ಬರುವ ಮೊದಲು ನಮ್ಮ ಶಾಖೆಯಲ್ಲಿ ಎರಡು ಕೈ ಸೇರಿದರೂ ಎತ್ತಲಾಗದಂಥ ಲೆಡ್ಜರುಗಳಿದ್ದವು. ತಿಂಗಳ ಕೊನೆಯಲ್ಲಿ ಲೆಕ್ಕ ಹೊಂದಿಸುವಾಗ ಒಬ್ಬರು ಅಂಕಿಗಳನ್ನು ಗಟ್ಟಿಯಾಗಿ ಕೂಗುವುದು, ಇನ್ನೊಬ್ಬರು ಪಟ್ಟಿಯಲ್ಲಿ ಟಿಕ್ ಹಾಕುವುದು. ಒಬ್ಬರು ಬರೆದದ್ದನ್ನು ಅವರೇ ತಪಾಸಣೆ ಮಾಡುವಂತಿರಲಿಲ್ಲ. ಇಬ್ಬರ ಕಣ್ಣು ಒಂದೇ ಜಾಗದಲ್ಲಿ ತಪ್ಪುವುದು ಅಪರೂಪ ಎಂಬುದೇ ಆ ಪದ್ಧತಿಯ ಬುಡ. ನಾವು ಬಿ.ಕಾಂ. ಓದಿ ಕಲಿತ ಆ ಸೂತ್ರವನ್ನು ಜಗುಲಿಯ ಹುಡುಗರು 1623ರಲ್ಲೇ ಹೇಳಿದ್ದರು.

ಮಕ್ಕಳೇ, ಲೆಡ್ಜರಿನ ಕಾಲದ ಒಂದು ಗುಟ್ಟು ಹೇಳುತ್ತೇನೆ. ಎರಡು ಮೊತ್ತಗಳ ನಡುವಿನ ವ್ಯತ್ಯಾಸ 9ರಿಂದ ಭಾಗವಾಗುತ್ತಿದ್ದರೆ, ಯಾರೋ ಅಂಕಿಗಳನ್ನು ಹಿಂದುಮುಂದು ಬರೆದಿರಬಹುದೆಂದು ನಾವು ಹುಡುಕುತ್ತಿದ್ದೆವು. 54ರ ಬದಲು 45 ಬರೆದರೆ ವ್ಯತ್ಯಾಸ 9. 82ರ ಬದಲು 28 ಬರೆದರೆ 54, ಅದೂ 9ರ ಮಗ್ಗಿಯಲ್ಲೇ ಇದೆ. ಬೇರೆ ಅಂಕಿ ಇಟ್ಟು ನೀವೇ ಮಾಡಿ ನೋಡಿ.

ನಮ್ಮ ಬಳ್ಳಾರಿಯ ಸಾಕ್ಷಿ

ಸರಿಯಾಗಿ 200 ವರ್ಷ ಕಳೆಯಿತು. ಬಳ್ಳಾರಿ ಸೀಮೆ ಬ್ರಿಟಿಷರ ಕೈಗೆ ಬಂದಿತ್ತು. ಹಿಂದೆ ಈ ಸೀಮೆಯ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಈಗ ಮದ್ರಾಸಿನ ಗವರ್ನರ್. ಪ್ರತಿ ಜಿಲ್ಲೆಯಲ್ಲಿ ಎಷ್ಟು ಶಾಲೆಗಳಿವೆ ಎಂದು ಎಣಿಸಿ ಬರೆಯಿರಿ ಎಂದು ಅವನು 1822ರಲ್ಲಿ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್ 17ರಂದು ಉತ್ತರ ಬರೆದ.

ಆಗ ಅನಂತಪುರವೂ ನಮ್ಮ ಜಿಲ್ಲೆಗೇ ಸೇರಿತ್ತು. ಜನಸಂಖ್ಯೆ 9,27,857. ಶಾಲೆಗಳು 533. ಅದರಲ್ಲಿ ಕನ್ನಡ ಶಾಲೆಗಳು 235, ತೆಲುಗು 226. ಉಳಿದವು ಮರಾಠಿ, ಪಾರ್ಸಿ, ಸಂಸ್ಕೃತ, ತಮಿಳು. ಇಂಗ್ಲಿಷ್ ಶಾಲೆ ಒಂದೇ ಒಂದು! ಓದುವ ಮಕ್ಕಳು 6,641, ಅಂದರೆ ಶಾಲೆಗೆ ಹನ್ನೆರಡೋ ಹದಿಮೂರೋ ಮಂದಿ.

ಮರಳಿನ ಮೇಲೆ ಬೆರಳಿನಿಂದ ಬರೆಯುವುದು ಆಗಲೂ ನಡೆದಿತ್ತು. ಅದು ಪಳಗಿದ ಮೇಲೆ ಹಲಗೆ ಅಥವಾ ಕಡತ. ಬಟ್ಟೆಗೆ ಗಂಜಿ, ಇದ್ದಿಲು ಬಳಿದು ಗಟ್ಟಿ ಮಾಡಿ, ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಅದೇ ಕಡತ. ಇಂದು ಕಚೇರಿಯ ಫೈಲನ್ನು ಕಡತ ಎನ್ನುತ್ತೇವಲ್ಲ, ಆ ಮಾತು ಇಷ್ಟು ಹಳೆಯದು.

ಬೆಳಿಗ್ಗೆ ಆರಕ್ಕೆ ಶಾಲೆ. ಮೊದಲು ಬಂದ ಮಗುವಿನ ಅಂಗೈಯ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ: ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಮೆಲ್ಲನೆ ಒಂದು ಏಟು, ನಾಲ್ಕನೆಯವನಿಗೆ ಎರಡು. ತಡವಾದಷ್ಟೂ ಏಟು ಹೆಚ್ಚು! ದೊಡ್ಡ ಮಕ್ಕಳು ಚಿಕ್ಕವರಿಗೆ ಕಲಿಸುತ್ತಿದ್ದರು. ಈ ಪದ್ಧತಿಯನ್ನು ಮೆಚ್ಚಿದ ಕ್ಯಾಂಪ್‌ಬೆಲ್, ಇಂಗ್ಲೆಂಡಿನವರು ಇದನ್ನು ಅನುಕರಿಸಿದ್ದು ತಕ್ಕದ್ದೇ ಎಂದ. ಅದು ನಿಜ. ಮದ್ರಾಸಿನಲ್ಲಿ ಅನಾಥ ಮಕ್ಕಳ ಶಾಲೆ ನಡೆಸುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿ, ಮರಳಿನಲ್ಲಿ ಬರೆಯುವ ಮಕ್ಕಳನ್ನು ಕಂಡು ಅದನ್ನು ತನ್ನ ಶಾಲೆಯಲ್ಲಿ ತಂದ. 1797ರಲ್ಲಿ ಲಂಡನ್ನಿನಲ್ಲಿ ಅದರ ಬಗ್ಗೆ ಪುಸ್ತಕ ಅಚ್ಚು ಹಾಕಿಸಿದ. ಅಲ್ಲಿ ಅದಕ್ಕೆ 'ಮದ್ರಾಸ್ ಪದ್ಧತಿ' ಎಂದೇ ಹೆಸರಾಯಿತು.

ಆದರೆ ಲೆಕ್ಕದ ಇನ್ನೊಂದು ಕಲಮನ್ನೂ ಓದಬೇಕು. ಆ 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು ಬರೇ 60. ಒಟ್ಟು ಜನಸಂಖ್ಯೆಗೆ ಹೋಲಿಸಿದರೆ ಸಾವಿರಕ್ಕೆ ಏಳು ಮಂದಿ ಮಾತ್ರ ಶಾಲೆಯಲ್ಲಿದ್ದರು. ಮರಳು ಎಲ್ಲ ಕಡೆ ಪುಕ್ಕಟೆಯಾಗಿತ್ತು, ಅಕ್ಷರ ಮಾತ್ರ ಎಲ್ಲರಿಗೂ ಸಿಗುತ್ತಿರಲಿಲ್ಲ. ಹಿಂದೆ ಶಾಲೆಗಳಿದ್ದ ಎಷ್ಟೋ ಊರುಗಳಲ್ಲಿ ಈಗ ಶಾಲೆ ಇಲ್ಲ, ಜನ ಬಡವರಾಗುತ್ತಿದ್ದಾರೆ ಎಂದೂ ಕಲೆಕ್ಟರ್ ಬರೆದ. ಇಂಗ್ಲೆಂಡಿನ ಬಟ್ಟೆ ಬಂದು ನಮ್ಮ ನೇಕಾರರ ಮಗ್ಗ ನಿಂತಿದ್ದು ಅದಕ್ಕೆ ಅವನು ಕೊಟ್ಟ ಕಾರಣಗಳಲ್ಲಿ ಒಂದು. ಮಗ್ಗ ನಿಂತ ಮನೆಯಲ್ಲಿ ಮಗ್ಗಿಯೂ ನಿಂತಿತು.

ಇಂದು ನಮ್ಮ ಓಣಿಯ ಶಾಲೆಗೆ ಜಡೆ ಹಾಕಿಕೊಂಡು ಸಾಲುಸಾಲಾಗಿ ಹೋಗುವ ಹುಡುಗಿಯರನ್ನು ಎಣಿಸಿದರೆ, ಒಂದೇ ಶಾಲೆಯಲ್ಲಿ ಅರವತ್ತಕ್ಕಿಂತ ಹೆಚ್ಚು ಸಿಗುತ್ತಾರೆ. ಆಗ ಅದು ಇಡೀ ಜಿಲ್ಲೆಯ ಲೆಕ್ಕವಾಗಿತ್ತು.

ದೆಲ್ಲಾ ವಾಲ್ಲೆ 1652ರಲ್ಲಿ ತೀರಿಕೊಂಡ. ಭಾರತದ ಪತ್ರಗಳು 1663ರಲ್ಲಿ ಅಚ್ಚಾದವು. ಅವನೂ ಹೊರೆ ಕಟ್ಟುವವರ ಮೇಲೆ ರೇಗುತ್ತ ಕುಳಿತಿದ್ದರೆ ಆ ನಾಲ್ವರು ಹುಡುಗರ ಮಾತು ನಮಗೆ ತಲುಪುತ್ತಿರಲಿಲ್ಲ. ವೆನಿಸಿಗೇ ಹೋಗಲಿ, ಗೋಕರ್ಣಕ್ಕೇ ಹೋಗಲಿ, ಕೋಣೆಯ ಗೋಡೆ ಬಣ್ಣ ಹೋಗಿದೆ ಎಂದು ಗೊಣಗುವ ಮೊದಲು ಜಗುಲಿಗೆ ಬಂದು ಅಕ್ಕಪಕ್ಕ ನೋಡುವುದು ಒಳ್ಳೆಯದು.

ಈ ರಜೆಯಲ್ಲಿ ಒಂದು ಆಟ ಆಡಿ. ಒಂದು ದೊಡ್ಡ ತಟ್ಟೆಯಲ್ಲಿ ಜರಡಿ ಹಿಡಿದ ಮರಳು ಹರಡಿ. ನಾಲ್ವರು ಸುತ್ತ ಕೂರಿ. ಒಬ್ಬರು 13ರ ಮಗ್ಗಿಯ ಒಂದು ಸಾಲನ್ನು ರಾಗವಾಗಿ ಹೇಳುತ್ತ ಬೆರಳಿನಿಂದ ಬರೆಯಲಿ, ಉಳಿದವರು ಹಾಗೆಯೇ ಹೇಳಿ ಬರೆಯಲಿ. ಸಾಲು ಮುಗಿದರೆ ಸರದಿ ಮುಂದಿನವರಿಗೆ. ತಪ್ಪಿದವರನ್ನು ನಗಬಾರದು, ತಿದ್ದಬೇಕು, ಅದೊಂದೇ ನಿಯಮ. ತಾತನೋ ಅಜ್ಜಿಯೋ ನಾಲ್ಕನೆಯವರಾಗಿ ಕೂತರೆ ಇನ್ನೂ ಚೆಂದ. ಅವರಿಗೆ ಮುಕ್ಕಾಲು, ಕಾಲಿನ ಮಗ್ಗಿಯೂ ಬರುತ್ತದೆ, ಕೇಳಿ ನೋಡಿ.