ದೊಡ್ಡ ವಿದ್ಯುತ್ ಕುಟುಂಬ ಕಾರು: ಚಾಲನೆಯ ಸುಖ ಮತ್ತು ದೂರದ ಲೆಕ್ಕ

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳ ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ಕಾರು ಎಂಬುದು ವ್ಯವಹಾರ ಮತ್ತು ಸಂಸಾರ ಎರಡರ ಭಾರವನ್ನೂ ಹೊರಬೇಕಾದ ಆಸ್ತಿ. ವಾರದ ದಿನಗಳಲ್ಲಿ ಎಪಿಎಂಸಿ ಪ್ರಾಂಗಣ, ದಾಲ್ ಮಿಲ್, ವಿಜಯಪುರದ ಬ್ಯಾಂಕುಗಳಿಗೆ ಓಡಾಡುವ ವಾಹನವೇ ಮದುವೆ, ಜಾತ್ರೆ, ಆಸ್ಪತ್ರೆಗಳಿಗೆ ಇಡೀ ಮನೆಮಂದಿಯನ್ನು ಕರೆದೊಯ್ಯಬೇಕಾಗುತ್ತದೆ. ಇಂತಹ ಕೆಲಸಕ್ಕೆ ಇದುವರೆಗೆ ಡೀಸೆಲ್ ಎಂಜಿನ್ನಿನ ದೊಡ್ಡ ವಾಹನಗಳೇ ರೂಢಿಯಲ್ಲಿದ್ದವು. ಈಗ ಅದೇ ಗಾತ್ರದ ವಿದ್ಯುತ್ ವಾಹನಗಳು ಮಾರುಕಟ್ಟೆಗೆ ಬಂದಿವೆ. ಒಂದು ಹಂಗಾಮಿನ ದುಡಿಯುವ ಬಂಡವಾಳಕ್ಕೆ ಸಮನಾದ ಹಣವನ್ನು ಇದರಲ್ಲಿ ತೊಡಗಿಸುವ ಮುನ್ನ, ಈ ವಾಹನವನ್ನು ನಮ್ಮ ಭಾಗದ ರಸ್ತೆಗಳಲ್ಲಿ ಓಡಿಸುವ ಅನುಭವ ಹೇಗಿರುತ್ತದೆ ಎಂಬುದನ್ನು ಅರಿತಿರುವುದು ಲೇಸು.

ರೇವಾದಿಂದ ಇಲ್ಲಿಯವರೆಗೆ

ವಿದ್ಯುತ್ ಕಾರು ಕರ್ನಾಟಕಕ್ಕೆ ಹೊಸದೇನಲ್ಲ. ಬೆಂಗಳೂರಿನಲ್ಲಿ ತಯಾರಾದ ರೇವಾ ಕಾರು 2001ರಲ್ಲಿಯೇ ಮಾರಾಟಕ್ಕೆ ಬಂದಿತ್ತು. ಎರಡು ಬಾಗಿಲಿನ ಆ ಪುಟ್ಟ ಕಾರು ಸೀಸದ ಬ್ಯಾಟರಿಗಳ ಬಲದಿಂದ ಒಂದು ಚಾರ್ಜಿಗೆ ಸುಮಾರು 80 ಕಿ.ಮೀ. ಓಡುತ್ತಿತ್ತು. ಅದು ನಗರದೊಳಗಿನ ವಾಹನ. ತಾಲ್ಲೂಕು ಕೇಂದ್ರದಿಂದ ಜಿಲ್ಲಾ ಕೇಂದ್ರಕ್ಕೆ ಹೋಗಿಬರುವವರಿಗೆ ಸಾಲುತ್ತಿರಲಿಲ್ಲ. 2010ರಲ್ಲಿ ಮಹೀಂದ್ರ ಸಂಸ್ಥೆಯು ರೇವಾ ಕಂಪನಿಯ ಬಹುಪಾಲು ಷೇರುಗಳನ್ನು ಪಡೆಯಿತು. ಅದೇ ಮಹೀಂದ್ರ ಸಂಸ್ಥೆಯು ನವೆಂಬರ್ 2024ರಲ್ಲಿ ಎಕ್ಸ್‌ಇವಿ 9ಇ ವಾಹನವನ್ನೂ ನವೆಂಬರ್ 2025ರಲ್ಲಿ ಏಳು ಆಸನಗಳ ಎಕ್ಸ್‌ಇವಿ 9ಎಸ್ ವಾಹನವನ್ನೂ ಬಿಡುಗಡೆ ಮಾಡಿತು. ಜೂನ್ 2025ರಲ್ಲಿ ಟಾಟಾ ಸಂಸ್ಥೆಯ ಹ್ಯಾರಿಯರ್ ಇವಿ ಬಂದಿತು. ಇವುಗಳ ಬ್ಯಾಟರಿ ಸಾಮರ್ಥ್ಯ ಮಾದರಿಗೆ ತಕ್ಕಂತೆ 59ರಿಂದ 79 ಕಿಲೋವ್ಯಾಟ್ ಅವರ್‌ವರೆಗೆ ಇದೆ. ಒಂದು ಕಿಲೋವ್ಯಾಟ್ ಅವರ್ ಎಂದರೆ ಮನೆಯ ಮೀಟರಿನ ಒಂದು ಯೂನಿಟ್. ಆದ್ದರಿಂದ ಬ್ಯಾಟರಿಯನ್ನು 59 ಅಥವಾ 79 ಯೂನಿಟ್ ಹಿಡಿಯುವ ಟ್ಯಾಂಕ್ ಎಂದು ಭಾವಿಸಿದರೆ ಮುಂದಿನ ಲೆಕ್ಕ ಸುಲಭವಾಗುತ್ತದೆ.

ಎಳೆತ ಮತ್ತು ನಿಶ್ಶಬ್ದ

ಡೀಸೆಲ್ ವಾಹನದಲ್ಲಿ ಎಂಜಿನ್ ಒಂದು ವೇಗಕ್ಕೆ ಏರಿದ ಮೇಲೆಯೇ ಪೂರ್ಣ ಎಳೆತ ದೊರೆಯುತ್ತದೆ. ವಿದ್ಯುತ್ ಮೋಟಾರಿನಲ್ಲಿ ಎಕ್ಸಲರೇಟರ್ ತುಳಿದ ಕ್ಷಣವೇ ಅದು ದೊರೆಯುತ್ತದೆ. ಗೇರ್ ಬದಲಿಸುವ ಕೆಲಸವೇ ಇಲ್ಲ. ಎಕ್ಸ್‌ಇವಿ 9ಇ ವಾಹನದ 79 ಯೂನಿಟ್ ಮಾದರಿಯ ಮೋಟಾರು 210 ಕಿಲೋವ್ಯಾಟ್ ಶಕ್ತಿಯನ್ನೂ 380 ನ್ಯೂಟನ್ ಮೀಟರ್ ಟಾರ್ಕ್ ಅನ್ನೂ ನೀಡುತ್ತದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆದು ಸಾಗುವ ಟ್ರ್ಯಾಕ್ಟರನ್ನು ಒಂಟಿ ರಸ್ತೆಯಲ್ಲಿ ದಾಟುವಾಗ ಈ ಗುಣದ ಬೆಲೆ ತಿಳಿಯುತ್ತದೆ. ಎದುರಿನ ಪಥದಲ್ಲಿ ಕಳೆಯಬೇಕಾದ ಸಮಯ ಕಡಿಮೆಯಾಗುತ್ತದೆ.

ಭಾರವಾದ ಬ್ಯಾಟರಿಯು ನೆಲದಡಿಯಲ್ಲಿ ಇರುವುದರಿಂದ ತಿರುವುಗಳಲ್ಲಿ ವಾಹನ ಓಲಾಡುವುದು ಕಡಿಮೆ. ಎಂಜಿನ್ನಿನ ಕಂಪನವಿಲ್ಲದ ಕಾರಣ ದೂರ ಪ್ರಯಾಣದ ನಂತರವೂ ಆಯಾಸ ಅಷ್ಟಾಗಿ ತೋರುವುದಿಲ್ಲ. ಆದರೆ ಇದೇ ಗುಣಗಳಿಗೆ ಇನ್ನೊಂದು ಮುಖವೂ ಇದೆ. ಸದ್ದು ಕಡಿಮೆಯಾದ್ದರಿಂದ ಸಂತೆಯ ದಿನ ಜನರೂ ಎತ್ತುಗಳೂ ವಾಹನ ಬಂದುದನ್ನು ಗಮನಿಸುವುದಿಲ್ಲ. ಊರೊಳಗೆ ನಿಧಾನವಾಗಿಯೇ ಸಾಗಬೇಕು. ಎರಡು ಟನ್ ಆಸುಪಾಸಿನ ವಾಹನ ಥಟ್ಟನೆ ವೇಗ ಹಿಡಿಯುವುದರಿಂದ ಟಯರುಗಳು ಬೇಗ ಸವೆಯುತ್ತವೆ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವ ಕಾರಣ ನಮ್ಮ ಭಾಗದ ಒಳರಸ್ತೆಗಳು ಅಲೆಅಲೆಯಾಗಿರುತ್ತವೆ. ಅಂತಹ ಕಡೆ ಈ ತೂಕದ ವಾಹನವನ್ನು ವೇಗವಾಗಿ ಬಿಟ್ಟರೆ ಹಿಂಬದಿಯ ಪ್ರಯಾಣಿಕರು ಕುಲುಕಾಟಕ್ಕೆ ಒಳಗಾಗುತ್ತಾರೆ. ಬ್ಯಾಟರಿಯಿಂದಾಗಿ ಒಳನೆಲ ಸ್ವಲ್ಪ ಎತ್ತರವಾಗಿ, ಹಿಂದೆ ಕುಳಿತವರ ಮೊಣಕಾಲು ಮೇಲೇಳುವುದೂ ಉಂಟು. ಮನೆಯ ಹಿರಿಯರನ್ನು ಒಮ್ಮೆ ಕುಳ್ಳಿರಿಸಿ ನೋಡಿಯೇ ತೀರ್ಮಾನಿಸಬೇಕು.

ಕಾಲು ತೆಗೆದರೆ ಬ್ರೇಕ್

ಹೊಸ ಚಾಲಕರಿಗೆ ಮೊದಲು ವಿಚಿತ್ರವೆನಿಸುವುದು ರೀಜನರೇಟಿವ್ ಬ್ರೇಕಿಂಗ್ ವ್ಯವಸ್ಥೆ. ಎಕ್ಸಲರೇಟರಿನಿಂದ ಕಾಲು ತೆಗೆದೊಡನೆ ಮೋಟಾರು ಜನರೇಟರಿನಂತೆ ತಿರುಗಿ, ವಾಹನದ ವೇಗವನ್ನು ವಿದ್ಯುತ್ತಾಗಿ ಪರಿವರ್ತಿಸಿ ಬ್ಯಾಟರಿಗೆ ಮರಳಿಸುತ್ತದೆ, ವಾಹನ ನಿಧಾನವಾಗುತ್ತದೆ. ಊರೊಳಗಿನ ಸಂಚಾರದಲ್ಲಿ ಇದರಿಂದ ಉಳಿತಾಯವಿದೆ, ಬ್ರೇಕ್ ಪ್ಯಾಡುಗಳ ಆಯುಷ್ಯವೂ ಹೆಚ್ಚುತ್ತದೆ. ಆದರೆ ಇದನ್ನು ಗರಿಷ್ಠ ಮಟ್ಟದಲ್ಲಿಟ್ಟು ಒರಟಾಗಿ ಕಾಲು ತೆಗೆದರೆ ಹಿಂದೆ ಕುಳಿತ ಮಕ್ಕಳಿಗೆ ವಾಕರಿಕೆ ಬರಬಹುದು. ಕುಟುಂಬ ಸಮೇತ ಹೋಗುವಾಗ ಕೆಳಮಟ್ಟದಲ್ಲಿ ಇಡುವುದು ಒಳಿತು. ಇನ್ನೊಂದು ಅಂಶವನ್ನು ಚಾಲಕರಿಗೆ ಮುಂಚಿತವಾಗಿ ತಿಳಿಸಬೇಕು. ಬ್ಯಾಟರಿ ಪೂರ್ತಿ ತುಂಬಿರುವಾಗ ಮರಳಿ ಬರುವ ವಿದ್ಯುತ್ತಿಗೆ ಜಾಗವಿರುವುದಿಲ್ಲ. ಆಗ ಈ ಹಿಡಿತ ದುರ್ಬಲವಾಗಬಹುದಾದ್ದರಿಂದ ಮುಂಜಾನೆ ಹೊರಟ ಮೊದಲ ಕೆಲವು ಕಿಲೋಮೀಟರುಗಳಲ್ಲಿ ಬ್ರೇಕ್ ಪೆಡಲಿನ ಮೇಲೆಯೇ ಗಮನವಿರಬೇಕು.

ವೇಗ ಹೆಚ್ಚಿದಂತೆ ದೂರ ಕಡಿಮೆ

ಎಕ್ಸ್‌ಇವಿ 9ಇ ವಾಹನದ 79 ಯೂನಿಟ್ ಮಾದರಿಗೆ ಘೋಷಿತ ದೂರ 656 ಕಿ.ಮೀ. ಇದು ಪ್ರಯೋಗಾಲಯದಲ್ಲಿ, ಗಂಟೆಗೆ 90 ಕಿ.ಮೀ. ಮೀರದ ವೇಗದಲ್ಲಿ ನಡೆಸುವ ಪರೀಕ್ಷೆಯ ಅಂಕಿ. ಹೆದ್ದಾರಿಯಲ್ಲಿ ಲೆಕ್ಕವೇ ಬೇರೆ. ಗಾಳಿಯ ಪ್ರತಿರೋಧವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 80 ಕಿ.ಮೀ. ಇದ್ದ ವೇಗವನ್ನು 100ಕ್ಕೆ ಏರಿಸಿದರೆ ಆ ಪ್ರತಿರೋಧ ಶೇ. 56ರಷ್ಟು ಹೆಚ್ಚುತ್ತದೆ, 120ಕ್ಕೆ ಏರಿಸಿದರೆ ಎರಡೂಕಾಲು ಪಟ್ಟಾಗುತ್ತದೆ. ಡೀಸೆಲ್ ವಾಹನಕ್ಕೂ ಈ ನಿಯಮ ಅನ್ವಯಿಸುತ್ತದೆಯಾದರೂ ಅಲ್ಲಿ ಐದು ನಿಮಿಷದಲ್ಲಿ ಟ್ಯಾಂಕ್ ತುಂಬುವುದರಿಂದ ಅದು ಅರಿವಿಗೆ ಬರುವುದಿಲ್ಲ. ಚಾಲಕನ ಕಾಲೇ ಇಲ್ಲಿ ವಾಹನದ ದೂರವನ್ನು ನಿರ್ಧರಿಸುತ್ತದೆ ಎಂಬುದು ಈ ಚಾಲನೆಯ ಮುಖ್ಯ ಪಾಠ.

ಖರೀದಿಯ ನಿರ್ಧಾರಕ್ಕೆ ಯೂನಿಟ್ಟಿಗೆ 5 ಕಿ.ಮೀ. ಎಂಬ ಬಿಗಿಯಾದ ಲೆಕ್ಕವನ್ನೇ ಹಿಡಿಯುವುದು ಕ್ಷೇಮ. ಮುದ್ದೇಬಿಹಾಳದಿಂದ ವಿಜಯಪುರಕ್ಕೆ ಸುಮಾರು 80 ಕಿ.ಮೀ.; ಹೋಗಿಬಂದು, ನಗರದ ಓಡಾಟ ಸೇರಿಸಿದರೆ 200 ಕಿ.ಮೀ. ಎಂದಿಟ್ಟುಕೊಂಡರೂ 40 ಯೂನಿಟ್ ಸಾಕು. 79 ಯೂನಿಟ್ ಬ್ಯಾಟರಿಯಲ್ಲಿ ಅರ್ಧ ಇನ್ನೂ ಉಳಿದಿರುತ್ತದೆ. ಇಂಡಿ, ಸಿಂದಗಿ, ಬಸವನ ಬಾಗೇವಾಡಿಗಳಿಂದ ಜಿಲ್ಲಾ ಕೇಂದ್ರ ಇನ್ನೂ ಹತ್ತಿರ. ಮನೆಯಲ್ಲಿ 7.2 ಕಿಲೋವ್ಯಾಟ್ ಚಾರ್ಜರ್ ಇದ್ದರೆ ಆ 40 ಯೂನಿಟ್ಟನ್ನು ಸುಮಾರು ಆರು ಗಂಟೆಗಳಲ್ಲಿ ತುಂಬಬಹುದು.

ಬೆಂಗಳೂರಿನ ಪ್ರಯಾಣ ಬೇರೆಯೇ ಮಾತು. ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಹೊಸಪೇಟೆ, ಚಿತ್ರದುರ್ಗದ ಮೂಲಕ ಅದು ವಿಜಯಪುರದಿಂದ 500 ಕಿ.ಮೀ.ಗೂ ಹೆಚ್ಚು. ಶೇ. 20ರಷ್ಟನ್ನು ಆಪತ್ತಿಗೆ ಮೀಸಲಿಟ್ಟರೆ ಬಳಕೆಗೆ ಸಿಗುವುದು ಸುಮಾರು 63 ಯೂನಿಟ್, ಅಂದರೆ 315 ಕಿ.ಮೀ. ದಾರಿಯಲ್ಲಿ ಒಮ್ಮೆ ನಿಲ್ಲಲೇಬೇಕು. ಶೇ. 20ರಿಂದ 80ಕ್ಕೆ ಏರಿಸಲು ಸುಮಾರು 47 ಯೂನಿಟ್ ಬೇಕು. 175 ಕಿಲೋವ್ಯಾಟ್ ಚಾರ್ಜರಿನಲ್ಲಿ ಇದು 20 ನಿಮಿಷದ ಕೆಲಸವೆಂದು ತಯಾರಕರು ಹೇಳುತ್ತಾರೆ. ಅದೇ 60 ಕಿಲೋವ್ಯಾಟ್ ಚಾರ್ಜರಿನಲ್ಲಿ ಮುಕ್ಕಾಲು ಗಂಟೆ ಮೀರುತ್ತದೆ. 30 ಕಿಲೋವ್ಯಾಟ್ ಆದರೆ ಒಂದೂವರೆ ಗಂಟೆಗೂ ಹೆಚ್ಚು. ಆದಕಾರಣ ನಿಲ್ಲುವ ಊರು, ಅಲ್ಲಿನ ಚಾರ್ಜರಿನ ಸಾಮರ್ಥ್ಯ, ಅದು ಕೆಟ್ಟಿದ್ದರೆ ಮುಂದಿನ ಆಯ್ಕೆ ಇವನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಂಡು, ಊಟದ ವೇಳೆಗೆ ಹೊಂದಿಸಿಕೊಳ್ಳಬೇಕು.

ಖರ್ಚಿನ ಹೋಲಿಕೆ

ಲೆಕ್ಕಕ್ಕಾಗಿ ಮನೆಯ ವಿದ್ಯುತ್ ಯೂನಿಟ್ಟಿಗೆ 8 ರೂ. ಎಂದು ಹಿಡಿದರೆ ಕಿ.ಮೀ.ಗೆ 1 ರೂ. 60 ಪೈಸೆ ಬೀಳುತ್ತದೆ. ಹೆದ್ದಾರಿಯ ಕೇಂದ್ರದಲ್ಲಿ ಯೂನಿಟ್ಟಿಗೆ 20 ರೂ. ಎಂದರೆ 4 ರೂ. ಡೀಸೆಲ್ ಲೀಟರಿಗೆ 90 ರೂ., ಲೀಟರಿಗೆ 13 ಕಿ.ಮೀ. ಎಂದಾದರೆ ಸುಮಾರು 7 ರೂ. ಹೆಚ್ಚಿನ ಉಳಿತಾಯ ಮನೆಯ ಚಾರ್ಜರಿನಲ್ಲಿಯೇ ಅಡಗಿದೆ ಎಂಬುದು ಇದರಿಂದ ಸ್ಪಷ್ಟ. ಸೆಪ್ಟೆಂಬರ್ 22, 2025ರಿಂದ ಜಾರಿಗೆ ಬಂದ ದರಗಳಂತೆ ದೊಡ್ಡ ಡೀಸೆಲ್ ವಾಹನಕ್ಕೆ ಶೇ. 40 ಜಿಎಸ್‌ಟಿ ಇದ್ದರೆ ವಿದ್ಯುತ್ ವಾಹನಕ್ಕೆ ಶೇ. 5 ಮಾತ್ರ. ಆದರೆ ಸ್ವಂತ ಓಡಾಟದ ಕಾರಿನ ಮೇಲೆ ಹೂಡುವಳಿ ತೆರಿಗೆ ಜಮೆ ಸಿಗದೆಂಬ ನಿಯಮ ಇದಕ್ಕೂ ಅನ್ವಯಿಸುತ್ತದೆ.

ಖರೀದಿಗೆ ಮುನ್ನ

ಮೊದಲು ಹೆಸ್ಕಾಂ ಕಚೇರಿಯಲ್ಲಿ ಮನೆಯ ಮಂಜೂರಾದ ಲೋಡ್ ಎಷ್ಟೆಂದು ವಿಚಾರಿಸಿ, ಅಗತ್ಯವಿದ್ದರೆ ಹೆಚ್ಚಿಸಿಕೊಳ್ಳಬೇಕು. ಅರ್ಥಿಂಗ್ ಸರಿಯಿದೆಯೆಂದು ಪರೀಕ್ಷಿಸಿಸಬೇಕು. ಬ್ಯಾಟರಿಯ ವಾರಂಟಿ ಷರತ್ತುಗಳು ವ್ಯಕ್ತಿಯ ಹೆಸರಿನ ನೋಂದಣಿಗೂ ಸಂಸ್ಥೆಯ ಹೆಸರಿನ ನೋಂದಣಿಗೂ ಬೇರೆಯಾಗಿರಬಹುದಾದ್ದರಿಂದ ಅವುಗಳನ್ನು ಬರಹದಲ್ಲಿ ಪಡೆಯಬೇಕು. ಕೆಲವು ವಿದ್ಯುತ್ ಮಾದರಿಗಳಲ್ಲಿ ಸ್ಟೆಪ್ನಿ ಬದಲು ಪಂಕ್ಚರ್ ಕಿಟ್ ಮಾತ್ರ ಇರುತ್ತದೆ. ಜಾಲಿಮುಳ್ಳಿನ ಹೊಲದ ದಾರಿಯಲ್ಲಿ ಓಡಾಡುವವರು ಇದನ್ನು ಕೇಳಿ ತಿಳಿಯಬೇಕು. ಕೊನೆಯದಾಗಿ, ಷೋರೂಮಿನ ಸುತ್ತ ಒಂದು ಸುತ್ತು ಹೊಡೆದು ಒಪ್ಪಿಗೆ ಕೊಡಬಾರದು. ಮನೆಮಂದಿಯನ್ನು ಕೂರಿಸಿಕೊಂಡು, ಎಸಿ ಹಾಕಿ, ದಿನನಿತ್ಯದ ದಾರಿಯಲ್ಲಿ ಕನಿಷ್ಠ 50 ಕಿ.ಮೀ. ಓಡಿಸಿ, ಯೂನಿಟ್ಟಿಗೆ ಎಷ್ಟು ಕಿ.ಮೀ. ಬಂತೆಂದು ಬರೆದಿಟ್ಟುಕೊಳ್ಳಬೇಕು. ಆ ಅಂಕಿಯನ್ನು ಬ್ಯಾಟರಿಯ ಯೂನಿಟ್ಟುಗಳಿಂದ ಗುಣಿಸಿದಾಗ ಬರುವ ದೂರ ತಮ್ಮ ವ್ಯವಹಾರಕ್ಕೆ ಸಾಕಾದರೆ ವಾಹನವೂ ಸಾಕು.