ಗಾಳಿಗಿಡಗಳೂ ಅವುಗಳ ಮಿಶ್ರತಳಿಗಳೂ

ಕಳೆದ ಬೇಸಗೆಯಲ್ಲಿ ನಮ್ಮ ವಾಚನಾಲಯದ ಹಿರಿಯ ಸದಸ್ಯರೊಬ್ಬರು ಒಂದು ಗಾಜಿನ ಬುರುಡೆಯನ್ನು ತಂದು ವೃತ್ತಪತ್ರಿಕೆಗಳ ಮೇಜಿನ ಮೇಲಿಟ್ಟರು. ಒಳಗೆ ಅನಾನಸಿನ ಜುಟ್ಟನ್ನು ಹೋಲುವ ಬೂದುಬಣ್ಣದ ಪುಟ್ಟ ಗಿಡ. ಮಣ್ಣಿಲ್ಲ, ಕುಂಡವಿಲ್ಲ. ಹುಟ್ಟುಹಬ್ಬಕ್ಕೆಂದು ಮಗಳು ತನ್ನ ಮೊದಲ ಸಂಬಳದಲ್ಲಿ ಐನೂರು ರೂಪಾಯಿ ಕೊಟ್ಟು ತಂದದ್ದಂತೆ. "ಇದು ಗಾಳಿಯನ್ನೇ ಕುಡಿದು ಬದುಕುತ್ತದೆ, ನೀರೂ ಬೇಡ" ಎಂದು ಮಾರಿದವನು ಹೇಳಿದ್ದನಂತೆ. ಎರಡು ತಿಂಗಳಲ್ಲಿ ಗಿಡ ತರಗೆಲೆಯಂತಾಗಿತ್ತು. "ಮಗಳಿಗೆ ಏನು ಹೇಳಲಿ, ರಾಯರೆ?" ಎಂದು ಅವರು ಕೇಳಿದರು. ಆ ಪ್ರಶ್ನೆಯಿಂದಲೇ ಈ ಲೇಖನ ಹುಟ್ಟಿತು.

ಗಾಳಿಯಿಂದ ಬದುಕುವ ಗಿಡ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಇವುಗಳ ಕುಲನಾಮ ಟಿಲ್ಯಾಂಡ್ಸಿಯಾ. ದಕ್ಷಿಣ ಅಮೆರಿಕದಿಂದ ಅಮೆರಿಕ ಸಂಯುಕ್ತ ಸಂಸ್ಥಾನದ ಆಗ್ನೇಯ ಭಾಗದವರೆಗೆ ಇವುಗಳ ತವರು. ಆರುನೂರಕ್ಕೂ ಮಿಕ್ಕಿದ ಜಾತಿಗಳಿವೆ. ನಮ್ಮ ಅನಾನಸು ಇದೇ ವಂಶದ್ದು. ಆದ್ದರಿಂದ ಜುಟ್ಟಿನ ಹೋಲಿಕೆ ಆಕಸ್ಮಿಕವಲ್ಲ. ಅನಾನಸನ್ನು ಪೋರ್ಚುಗೀಸರು 16ನೆಯ ಶತಮಾನದಲ್ಲಿ ಹಿಂದೂಸ್ಥಾನಕ್ಕೆ ತಂದರು. ಅದರ ಈ ದಾಯಾದಿಗಳು ನಮ್ಮ ಗ್ಯಾಲರಿಗಳಿಗೆ ಬಂದದ್ದು ಮೊನ್ನೆ ಮೊನ್ನೆ.

ಮಲೆನಾಡಿನವರಿಗೆ ಮರದ ಮೇಲೆ ಬದುಕುವ ಗಿಡ ಹೊಸತಲ್ಲ. ಮಳೆಗಾಲದ ಹೊಸ್ತಿಲಲ್ಲಿ ಮಾವು ಹಲಸಿನ ಕೊಂಬೆಯಿಂದ ಜೋಲುವ ಸೀತಾಳೆ ದಂಡೆಯನ್ನು ಮುಡಿದ ಅಕ್ಕತಂಗಿಯರನ್ನು ಯಾರು ಮರೆತಾರು? ಅದೂ ಮರದ ಮೇಲೆ ಕುಳಿತಿರುತ್ತದೆಯೇ ಹೊರತು ಮರದ ರಸವನ್ನು ಹೀರುವುದಿಲ್ಲ. ಹೀರುವುದು ಬದನಿಕೆ. ಈ ಎರಡನ್ನೂ ಒಂದೇ ಎಂದು ಭಾವಿಸಿ ಸೀತಾಳೆಯನ್ನು ಕಿತ್ತೆಸೆಯುವ ತೋಟದವರುಂಟು, ಅದು ಅನ್ಯಾಯ. ಆದರೆ ಸೀತಾಳೆಗೆ ಗಾಳಿಯಲ್ಲಿ ತೂಗುವ ದಪ್ಪ ಬೇರುಗಳಿವೆ, ನೀರು ಕುಡಿಯುವುದು ಆ ಬೇರೇ. ಗಾಳಿಗಿಡದ ಬೇರಾದರೋ ಕೊಂಬೆಯನ್ನು ಅಪ್ಪಿ ಹಿಡಿಯುವ ಹಗ್ಗ ಮಾತ್ರ. ನೀರು ಕುಡಿಯುವ ಕೆಲಸವೆಲ್ಲ ಎಲೆಯದು. ಎಲೆಯ ಮೈಮೇಲೆ ಬೂದಿ ಬಳಿದಂತೆ ಕಾಣುವುದು ಸಣ್ಣ ಸಣ್ಣ ಹೊಪ್ಪಳೆಗಳು. ಮಳೆಹನಿಯೋ ಮಂಜೋ ತಗುಲಿದೊಡನೆ ಅವು ಅದನ್ನು ಒಳಕ್ಕೆ ಎಳೆದುಕೊಳ್ಳುತ್ತವೆ. ಆಗ ಗಿಡ ಹಸುರಾಗುತ್ತದೆ, ಒಣಗಿದಾಗ ಮತ್ತೆ ಬೂದುಬಣ್ಣ. ಈ ಬಣ್ಣವೇ ಅದರ ಬಾಯಾರಿಕೆಯ ಭಾಷೆ.

ಇನ್ನೊಂದು ಸ್ವಾರಸ್ಯ. ಈ ಗಿಡ ರಾತ್ರಿ ಪಾಳಿಯ ಕೆಲಸಗಾರ. ಬಹುತೇಕ ಗಿಡಗಳು ಹಗಲಿನಲ್ಲಿ ಎಲೆಯ ರಂಧ್ರ ತೆರೆದು ಇಂಗಾಲಾಮ್ಲವನ್ನು ಒಳಗೆ ತೆಗೆದುಕೊಂಡರೆ, ಇದು ಬಿಸಿಲಿನಲ್ಲಿ ನೀರು ಆರಿಹೋದೀತೆಂದು ಹಗಲು ಬಾಗಿಲು ಮುಚ್ಚಿ, ರಾತ್ರಿ ತೆರೆಯುತ್ತದೆ. ರಾತ್ರಿ ಕೂಡಿಟ್ಟ ಸರಕಿನಿಂದ ಹಗಲು ಅಡುಗೆ. ರಾತ್ರಿಯೂ ಎಲೆ ಒದ್ದೆಯಾಗಿದ್ದರೆ ಅದರ ಉಸಿರಿಗೆ ಅಡ್ಡಿ. ಆದ್ದರಿಂದ ಕಚೇರಿಯಿಂದ ರಾತ್ರಿ ಒಂಬತ್ತಕ್ಕೆ ಮರಳಿ, ಅಯ್ಯೋ ಪಾಪವೆಂದು ನೀರೆರೆಯಬಾರದು. ಬೆಳಗ್ಗೆ ತಾವು ಸ್ನಾನಕ್ಕೆ ಹೋಗುವಾಗ ಗಿಡವನ್ನೂ ಒಂದು ಬೋಗುಣಿಯಲ್ಲಿ ಮುಳುಗಿಸಿ, ಲೋಕಲ್ ಹಿಡಿಯಲು ಹೊರಡುವ ಮುನ್ನ ಎತ್ತಿ, ತಲೆಕೆಳಗು ಮಾಡಿ ಕೊಡವಿ, ಗಾಳಿ ಆಡುವಲ್ಲಿ ತೂಗುಹಾಕಿದರೆ ಸರಿಹೋಯಿತು. ಬೇಸಗೆಯಲ್ಲಿ ವಾರಕ್ಕೆ ಎರಡು ಮೂರು ಬಾರಿ, ಚಳಿಗಾಲದಲ್ಲಿ ಒಂದು ಬಾರಿ. ಬುಡವು ಈರುಳ್ಳಿಯಂತೆ ಉಬ್ಬಿರುವ ಜಾತಿಗಳನ್ನು ಮಾತ್ರ ಮುಳುಗಿಸಬಾರದು, ಒಳಗೆ ನೀರು ನಿಂತು ಕೊಳೆಯುತ್ತದೆ, ಚಿಮುಕಿಸಿದರೆ ಸಾಕು. ತವರಿನ ಕಾಡಿನಲ್ಲಿ ಆ ಪೊಳ್ಳುಗಳಲ್ಲಿ ಇರುವೆಗಳು ಮನೆಮಾಡಿಕೊಂಡಿರುತ್ತವೆ.

ನೀರಿನ ವಿಷಯದಲ್ಲಿ ನಮ್ಮವರು ಎರಡು ಕಡೆ ಎಡವುತ್ತಾರೆ. ಮೊದಲನೆಯದು ಟ್ಯಾಂಕರಿನ ಬೋರ್‌ವೆಲ್ ನೀರು. ಅದರ ಉಪ್ಪು ಎಲೆಯ ಹೊಪ್ಪಳೆಗಳನ್ನು ಮುಚ್ಚಿಬಿಡುತ್ತದೆ. ನಲ್ಲಿಯ ನೀರನ್ನು ಒಂದು ರಾತ್ರಿ ಹಿಡಿದಿಟ್ಟು ಬಳಸುವುದು ಲೇಸು, ಮಳೆನೀರು ಎಲ್ಲಕ್ಕಿಂತ ಲೇಸು. ಎರಡನೆಯದು ತಾಮ್ರ. ಕುಡಿಯುವುದಕ್ಕೆ ತಾಮ್ರದ ಚೊಂಬಿನ ನೀರು ಶ್ರೇಷ್ಠವೆಂದು ನಂಬಿದವರು ಅದನ್ನೇ ಗಿಡಕ್ಕೂ ಎರೆಯುತ್ತಾರೆ. ಹಳೆಯ ಬಿಜಲಿ ತಂತಿಯಿಂದ ಗಿಡವನ್ನು ಕಟ್ಟುತ್ತಾರೆ. ಅನಾನಸಿನ ಈ ಬಳಗಕ್ಕೆ ತಾಮ್ರವೆಂದರೆ ವಿಷ. ನೈಲಾನ್ ದಾರವಿರಲಿ.

ಠಾಣೆ, ಕಲ್ಯಾಣಗಳ ಹವೆ ಇವುಗಳಿಗೆ ಅರ್ಧ ತವರು, ಅರ್ಧ ಅತ್ತೆಮನೆ. ಸಮುದ್ರದ ತೇವವಿದೆ, ಚಳಿಯ ಭಯವಿಲ್ಲ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಪಡುವಣ ಗ್ಯಾಲರಿಯ ಬಿಸಿಲು ಎಲೆಯನ್ನು ಸುಟ್ಟುಬಿಡುತ್ತದೆ. ಮೂಡಣ ಕಿಟಕಿ ಉತ್ತಮ, ಇಲ್ಲವಾದರೆ ಹಸುರು ಬಲೆಯ ನೆರಳು ಬೇಕು. ಜೂನ್‌ನಿಂದ ಸೆಪ್ಟೆಂಬರವರೆಗಿನ ಮಾತು ಬೇರೆ. ನಾವೇ ಒಮ್ಮೆ ಮಳೆಗಾಲ ಹಿತವಾದೀತೆಂದು ಮೂರು ಗಿಡಗಳನ್ನು ಗ್ರಿಲ್ಲಿನ ಹೊರಗೆ ಕಟ್ಟಿ ಊರಿಗೆ ಹೋಗಿದ್ದೆವು. ಮರಳಿ ಬಂದು ಎಲೆ ಹಿಡಿದೆಳೆದರೆ ನಡುವಿನ ಸುಳಿಯೇ ಕೈಗೆ ಬಂತು! ಎಡೆಬಿಡದ ಮಳೆಯಲ್ಲಿ ಅವಕ್ಕೆ ಒಣಗಲು ಪುರುಸೊತ್ತೇ ಸಿಕ್ಕಿರಲಿಲ್ಲ. ಗಾಜಿನ ಬುರುಡೆಯಂತೂ ಎಲ್ಲ ಕಾಲಕ್ಕೂ ಸೆರೆಮನೆ: ಬೇಸಗೆಯಲ್ಲಿ ಒಲೆ, ಮಳೆಗಾಲದಲ್ಲಿ ಉಗಿಪಾತ್ರೆ.

ಇನ್ನು ಮಿಶ್ರತಳಿಯ ವಿಚಾರ. ಧಾರವಾಡ, ಹಾವೇರಿ ಕಡೆಯವರು ವರಲಕ್ಷ್ಮಿ ಹತ್ತಿಯನ್ನು ಬಲ್ಲರು. 1972ರಲ್ಲಿ ಧಾರವಾಡದಲ್ಲಿ ಡಾ. ಕಟರಕಿಯವರು ಲಕ್ಷ್ಮಿ ಎಂಬ ಹತ್ತಿಗೆ ಬೇರೊಂದು ಜಾತಿಯ ಉದ್ದ ಎಳೆಯ ಹತ್ತಿಯನ್ನು ಕೂಡಿಸಿ ಅದನ್ನು ಪಡೆದರು. ಗಾಳಿಗಿಡದ ಮಿಶ್ರತಳಿಯೂ ಅದೇ ಬಗೆ: ಒಂದು ಜಾತಿಯ ಹೂವಿನ ಪರಾಗವನ್ನು ಕುಂಚದಿಂದ ತೆಗೆದು ಇನ್ನೊಂದರ ಹೂವಿಗೆ ಮುಟ್ಟಿಸುವುದು. ಆದರೆ ಹತ್ತಿಯ ಫಲ ಅದೇ ವರ್ಷ ಕೈಗೆ ಬರುತ್ತದೆ. ಇಲ್ಲಿ ಕಾಯಿ ಬಲಿಯುವುದಕ್ಕೇ ತಿಂಗಳುಗಟ್ಟಲೆ ಬೇಕು. ಬೀಜಕ್ಕೆ ಎಕ್ಕದ ಬೀಜದಂತೆ ರೇಷ್ಮೆಯ ಗರಿ. ಅದನ್ನು ಬಲೆಯ ಮೇಲೆ ಅಂಟಿಸಿ, ನಿತ್ಯ ತೇವ ಕೊಟ್ಟು, ಹೂವನ್ನು ಕಾಣುವ ಹೊತ್ತಿಗೆ ಎಷ್ಟೋ ವರ್ಷ ಕಳೆದಿರುತ್ತವೆ. ಶಾಲೆಗೆ ಸೇರಿಸಿದ ಮಗು ಮೆಟ್ರಿಕ್ ಪಾಸಾದರೂ ಆಶ್ಚರ್ಯವಿಲ್ಲ. ಹೆಸರುವಾಸಿ ಮಿಶ್ರತಳಿಗಳ ಬೆಲೆಯಲ್ಲಿ ಈ ಕಾಯುವಿಕೆಯ ಕೂಲಿಯೂ ಸೇರಿದೆ.

ಒಂದೇ ಕಾಯಿಯ ಬೀಜಗಳೆಲ್ಲ ಒಂದೇ ರೂಪದವಾಗುವುದಿಲ್ಲ, ಒಡಹುಟ್ಟಿದವರಂತೆ. ದಕ್ಷಿಣ ಅಮೆರಿಕದ ಸ್ಟ್ರಿಕ್ಟಾ, ರಿಕರ್ವಿಫೋಲಿಯಾ ಎಂಬೆರಡರ ಸಂಕರದಿಂದ 'ಹ್ಯೂಸ್ಟನ್', 'ಕಾಟನ್ ಕ್ಯಾಂಡಿ' ಎಂಬ ಎರಡು ಹೆಸರಿನ ಗಿಡಗಳು ಬಂದದ್ದು ಹೀಗೆಯೆ. 'ಎರಿಕ್ ನಾಬ್ಲಾಕ್' ಎಂಬುದರಲ್ಲಿ ಹೂಬಿಡುವಾಗ ಮೈಯೆಲ್ಲ ಕೆಂಪೇರುವ ಬ್ರಾಕಿಕಾಲೋಸ್ ಮತ್ತು ಒಣಗಿದಾಗ ಎಲೆ ಸುರುಳಿ ಸುತ್ತುವ ಸ್ಟ್ರೆಪ್ಟೋಫಿಲ್ಲಾ ಬೆರೆತಿವೆ. ಇಂಥ ಹೆಸರುಗಳ ದಾಖಲೆಯನ್ನು 1950ರಲ್ಲಿ ಅಮೆರಿಕದಲ್ಲಿ ಆರಂಭವಾದ ಬ್ರೊಮೀಲಿಯಾಡ್ ಸಂಘ ಇಟ್ಟಿದೆ. ಸಂಗ್ರಹಕಾರರು ಚೀಟಿಯನ್ನು ಜೋಪಾನಮಾಡುವುದು ಶೋಕಿಗಲ್ಲ; ಚೀಟಿ ಕಳೆದರೆ ತಳಿಯ ವಂಶವೇ ಕಳೆದಂತೆ.

ಮನೆಯಲ್ಲಿ ಬೆಳೆಸುವವರಿಗೆ ಮಿಶ್ರತಳಿಯಿಂದ ಲಾಭವುಂಟು. ಅನೇಕ ಮಿಶ್ರತಳಿಗಳು ತಂದೆತಾಯಿಗಳಿಗಿಂತ ಗಟ್ಟಿಮುಟ್ಟು. ಹತ್ತಿಯ ರೈತ ವರ್ಷವರ್ಷವೂ ಹೊಸ ಬೀಜ ಕೊಳ್ಳಬೇಕು. ಇಲ್ಲಿ ಆ ತಾಪತ್ರಯವಿಲ್ಲ. ಬಾಳೆಯಂತೆ ಈ ಗಿಡ ಒಮ್ಮೆ ಹೂಬಿಟ್ಟು ಮೆಲ್ಲಮೆಲ್ಲನೆ ಸಾಯುತ್ತದೆ, ಆದರೆ ಬುಡದಲ್ಲಿ ಕಂದುಗಳನ್ನು ಬಿಟ್ಟು ಸಾಯುತ್ತದೆ. ಕಂದು ತಾಯಿಯ ತದ್ರೂಪು. ತಾಯಿಯ ಮೂರರಲ್ಲೊಂದು ಪಾಲು ಬೆಳೆದ ಮೇಲೆ ಬೇರ್ಪಡಿಸಬಹುದು; ಬಿಟ್ಟರೆ ಗೊಂಚಲಾಗುತ್ತದೆ. ಹೂ ಮುಗಿದ ಗಿಡ ಸೊರಗುವುದನ್ನು ಕಂಡು ಸತ್ತಿತೆಂದು ಎಸೆಯುವವರು ಬೀಳಿನ ಬಾಳೆಯನ್ನು ಕಂದಿನ ಸಮೇತ ಕಿತ್ತವರಂತೆ.

ಕೊಳ್ಳುವಾಗ ಬುಡವನ್ನು ಬೆರಳಿನಿಂದ ಒತ್ತಿ ನೋಡಿರಿ, ಗಟ್ಟಿಯಿರಬೇಕು. ಎಲೆಗೆ ಕೆಂಪು, ನೇರಿಳೆ ಬಣ್ಣ ಬಳಿದು ಮಾರುವುದುಂಟು. ಬಳಿದ ಬಣ್ಣವು ಹೊಪ್ಪಳೆಗಳನ್ನು ಮುಚ್ಚಿ ಗಿಡವನ್ನು ಕೊಲ್ಲುತ್ತದೆ. ಜೆರೋಗ್ರಾಫಿಕಾ ಎಂಬ ದೊಡ್ಡ ಬೆಳ್ಳಿಗಿಡವನ್ನು ಕಾಡಿನಿಂದ ಅತಿಯಾಗಿ ಕಿತ್ತದ್ದರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಾಗದಪತ್ರ ಬೇಕು. ತೋಟದಲ್ಲಿ ಬೆಳೆಸಿದ್ದೇ ಎಂದು ಕೇಳಿ ಕೊಳ್ಳಿರಿ. ದುಬೈಯಲ್ಲೋ ಅಮೆರಿಕದಲ್ಲೋ ಇರುವ ಮಕ್ಕಳಿಗೆ ಪೆಟ್ಟಿಗೆಯಲ್ಲಿ ಗಿಡ ತಾ ಎಂದು ಬರೆಯಬೇಡಿರಿ. 2003ರ ಸಸ್ಯ ಸಂಪರ್ಕನಿಷೇಧ ಆಜ್ಞೆಯ ಪ್ರಕಾರ ಪರವಾನಗಿಯೂ ಆರೋಗ್ಯಪತ್ರವೂ ಇಲ್ಲದೆ ಗಿಡ ತರುವುದು ಅಪರಾಧ. ಹಾಗೆಯೇ ಠಾಣೆಯ ಯೇವೂರಿನ ಗುಡ್ಡಕ್ಕೆ ಭಾನುವಾರ ತಿರುಗಾಡಲು ಹೋದವರು ಮರದ ಮೇಲಿನ ಸೀತಾಳೆಯಂಥ ಗಿಡಗಳನ್ನು ಕಿತ್ತು ತರಬಾರದು. ಅದು ರಾಷ್ಟ್ರೀಯ ಉದ್ಯಾನದ ನೆಲ. ಮೇಲಾಗಿ ಕಾಡಿನಿಂದ ಬಂದದ್ದು ನಮ್ಮ ಗ್ರಿಲ್ಲಿನಲ್ಲಿ ಬದುಕುವುದು ಅಪರೂಪ.

ಹಿರಿಯ ಸದಸ್ಯರ ಗಿಡವನ್ನು ಬುರುಡೆಯಿಂದ ಬಿಡಿಸಿ ಒಣಗಿದ ಎಲೆಗಳನ್ನು ಕಿತ್ತಾಗ ಬುಡದಲ್ಲಿ ಹೆಸರುಕಾಳಿಗಿಂತ ತುಸು ದೊಡ್ಡದಾದ ಹಸುರು ಕಂದೊಂದು ಗಟ್ಟಿಯಾಗಿತ್ತು. ಅದೀಗ ಡೊಂಬಿವಲಿಯಲ್ಲಿ ಅವರ ಮೂಡಣ ಕಿಟಕಿಯಲ್ಲಿ ಒಂದು ತುಂಡು ತೆಂಗಿನ ಕರಟಕ್ಕೆ ಅಂಟಿಕೊಂಡು ಕುಳಿತಿದೆ. ಬುರುಡೆಯಲ್ಲಿ ಅವರ ಮನೆಯವರು ಸೂಜಿದಾರ ಇಟ್ಟುಕೊಂಡಿದ್ದಾರೆ.