ಗುಡ್ಡದಾಚೆಯ ಗಂಟೆ

ಆಗುಂಬೆ ಘಾಟಿಯಲ್ಲೋ ಚಾರ್ಮಾಡಿಯಲ್ಲೋ ಬಸ್ಸಿನ ಮುಂದಿನ ಸೀಟಿನಲ್ಲಿ ಕುಳಿತು ಪ್ರಯಾಣ ಮಾಡಿದವರಿಗೆ ಇದು ಗೊತ್ತಿರುತ್ತದೆ. ತಿರುವು ಬಂತೆಂದರೆ ಚಾಲಕರ ಕೈ ಹಾರನ್ ಮೇಲೆ ಹೋಗುತ್ತದೆ. ತಿರುವಿನಾಚೆ ಲಾರಿ ಇದೆಯೋ, ದನ ನಿಂತಿದೆಯೋ, ಏನೂ ಇಲ್ಲವೋ ಅವರಿಗೆ ಕಾಣದು. ಕಾಣದ ಕಡೆಗೆ ಸುದ್ದಿ ಮುಟ್ಟಿಸಲು ಅವರ ಬಳಿ ಇರುವುದು ಆ ಸದ್ದೊಂದೇ.

ಇಂಥದೇ ಪೇಚು ಆಟದ ಮೈದಾನದಲ್ಲಿ ಎದುರಾದರೆ? ಕ್ರಿಕೆಟ್, ಹಾಕಿ, ಫುಟ್‌ಬಾಲ್‌ಗಳಲ್ಲಿ ಆ ಪ್ರಶ್ನೆಯೇ ಇಲ್ಲ. ಅಂಗಣ ಸಮತಟ್ಟು, ಎಲ್ಲರೂ ಎಲ್ಲರಿಗೂ ಕಾಣುತ್ತಾರೆ. ಆದರೆ ಗಾಲ್ಫ್ ಹಾಗಲ್ಲ. ಅಲ್ಲಿ ಗುಡ್ಡದ ಈಚೆ ನಿಂತು ಗುಡ್ಡದಾಚೆಗೆ ಚೆಂಡು ಹೊಡೆಯಬೇಕಾದ ಸಂದರ್ಭಗಳುಂಟು. ಆಚೆ ಕಡೆ ಯಾರಿದ್ದಾರೆ ಎಂದು ತಿಳಿಯುವ ಬಗೆ ಹೇಗೆ? ಈ ಚಿಕ್ಕ ಪ್ರಶ್ನೆಗೆ ಗಾಲ್ಫ್ ಆಟಗಾರರು ಕಂಡುಕೊಂಡಿರುವ ಉತ್ತರಗಳು ಸ್ವಾರಸ್ಯವಾಗಿವೆ. ಗಂಟೆ, ಬಿಳಿ ಕಲ್ಲು, ಬಾವುಟ, ಕೊನೆಗೆ ಒಂದು ಜಲಾಂತರ್ಗಾಮಿಯ ಕಣ್ಣು!

ಆಟ ತಿಳಿಯದವರಿಗಾಗಿ ನಾಲ್ಕು ಮಾತು. ಪೂರ್ಣ ಪ್ರಮಾಣದ ಗಾಲ್ಫ್ ಮೈದಾನದಲ್ಲಿ 18 ಹಂತಗಳಿರುತ್ತವೆ. ಒಂದೊಂದು ಹಂತಕ್ಕೂ ‘ಹೋಲ್’ ಎಂದೇ ಹೆಸರು. ಆಟಗಾರ ‘ಟೀ’ ಎಂಬ ಜಾಗದಿಂದ ಚೆಂಡನ್ನು ಹೊಡೆದು, ನೂರಾರು ಮೀಟರ್ ದೂರದ ‘ಗ್ರೀನ್’ ಎಂಬ ನುಣುಪಾದ ಹುಲ್ಲುಹಾಸಿಗೆ ತಲುಪಿಸಿ, ಅಲ್ಲಿರುವ ಪುಟ್ಟ ಕುಳಿಗೆ ಬೀಳಿಸಬೇಕು. ಕುಳಿಯ ಗುರುತಿಗೆ ಒಂದು ಕಡ್ಡಿ ಬಾವುಟ. ಮೈದಾನದಲ್ಲಿ ಏಕಕಾಲಕ್ಕೆ ಹಲವು ತಂಡಗಳು ಒಂದರ ಹಿಂದೆ ಒಂದು ಸಾಗುತ್ತಿರುತ್ತವೆ. ಮುಂದಿನ ತಂಡ ಚೆಂಡಿಗೆ ಎಟುಕದಷ್ಟು ದೂರ ಹೋದ ಮೇಲಷ್ಟೇ ಹಿಂದಿನವರು ಹೊಡೆಯಬೇಕು. ನಡುವೆ ದಿಬ್ಬವೊಂದು ಅಡ್ಡ ಬಂದು, ಚೆಂಡು ಬೀಳುವ ಜಾಗ ಕಾಣದಾದರೆ ಆ ಹೊಡೆತಕ್ಕೆ ‘ಬ್ಲೈಂಡ್ ಶಾಟ್’ ಎನ್ನುತ್ತಾರೆ. ನಾವು ‘ಕಾಣದ ಹೊಡೆತ’ ಎನ್ನೋಣ.

ಪುಟ್ಟ ಚೆಂಡು, ದೊಡ್ಡ ಪೆಟ್ಟು

ಇಷ್ಟು ಸಣ್ಣ ಚೆಂಡಿಗೆ ಇಷ್ಟೊಂದು ಭಯವೇ ಎಂದು ಕೇಳಬಹುದು. ಲೆಕ್ಕ ಹಾಕಿ ನೋಡಿ. ನಿಯಮದ ಪ್ರಕಾರ ಗಾಲ್ಫ್ ಚೆಂಡಿನ ತೂಕ 45.93 ಗ್ರಾಂ ಮೀರುವಂತಿಲ್ಲ. ಕ್ರಿಕೆಟ್ ಚೆಂಡು ಸುಮಾರು 160 ಗ್ರಾಂ ತೂಗುತ್ತದೆ. ಅಂದರೆ ಗಾಲ್ಫ್ ಚೆಂಡು ಅದರ ಮೂರನೇ ಒಂದು ಭಾಗಕ್ಕಿಂತಲೂ ಹಗುರ. ಆದರೆ ನುರಿತ ವೃತ್ತಿಪರ ಆಟಗಾರನ ಕೋಲಿನಿಂದ ಅದು ಚಿಮ್ಮುವ ವೇಗ ಗಂಟೆಗೆ ಸುಮಾರು 270 ಕಿಲೋಮೀಟರ್. ಚಲನಶಕ್ತಿಯ ಸೂತ್ರ ಶಾಲೆಯಲ್ಲಿ ಕಲಿತದ್ದೇ: ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಬೇಕು. ಹಾಗೆ ಮಾಡಿದರೆ ಸುಮಾರು 130 ಜೂಲ್ ಬರುತ್ತದೆ. ಗಂಟೆಗೆ 145 ಕಿಲೋಮೀಟರ್ ವೇಗದಲ್ಲಿ ಎಸೆದ ಕ್ರಿಕೆಟ್ ಚೆಂಡಿನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ. ಗಾಳಿಯಲ್ಲಿ ಸಾಗುತ್ತ ಚೆಂಡಿನ ವೇಗ ಇಳಿಯುತ್ತದೆ, ನಿಜ. ಆದರೆ ಕ್ರಿಕೆಟ್ ಬ್ಯಾಟುಗಾರನಿಗೆ ಹೆಲ್ಮೆಟ್ ಇದೆ, ಚೆಂಡು ಬರುವುದು ಕಣ್ಣಿಗೆ ಕಾಣುತ್ತದೆ. ಗುಡ್ಡದಾಚೆ ಬೆನ್ನು ತಿರುಗಿಸಿ ನಿಂತ ಗಾಲ್ಫ್ ಆಟಗಾರನಿಗೆ ಎರಡೂ ಇಲ್ಲ.

ಆದ್ದರಿಂದಲೇ ಈ ಆಟದಲ್ಲಿ ‘ಫೋರ್’ ಎಂಬ ಕೂಗು ಬಳಕೆಗೆ ಬಂತು. ಚೆಂಡು ಯಾರತ್ತಲೋ ಹೋಗುತ್ತಿದೆ ಎನಿಸಿದರೆ ಹೊಡೆದವನು ಗಂಟಲು ಹರಿಯುವಂತೆ ‘ಫೋರ್!’ ಎಂದು ಕೂಗಬೇಕು. ಕೇಳಿಸಿಕೊಂಡವರು ಎಲ್ಲಿಂದ ಬಂತೆಂದು ತಲೆಯೆತ್ತಿ ನೋಡಬಾರದು. ಕೈಗಳಿಂದ ತಲೆ ಮುಚ್ಚಿಕೊಂಡು ಕುಕ್ಕರಿಸಬೇಕು. ಈ ಪದ ‘ಫೋರ್‌ಕ್ಯಾಡಿ’ ಎಂಬುದರ ತುಂಡು ಎಂದು ಕೆಲವರ ಅಭಿಪ್ರಾಯ. ಫೋರ್‌ಕ್ಯಾಡಿ ಎಂದರೆ ಆಟಗಾರನಿಗಿಂತ ಮುಂದೆ ಓಡಿಹೋಗಿ, ಚೆಂಡು ಬಿದ್ದ ಜಾಗವನ್ನು ನೋಡಿ ತಿಳಿಸುವ ಸಹಾಯಕ. ಸ್ಕಾಟ್ಲೆಂಡಿನ ಲೀತ್ ಎಂಬಲ್ಲಿ 1680ರ ದಶಕದಲ್ಲಿ ಡ್ಯೂಕ್ ಆಫ್ ಯಾರ್ಕ್‌ಗಾಗಿ ಆಂಡ್ರ್ಯೂ ಡಿಕ್ಸನ್ ಎಂಬ ಹುಡುಗ ಈ ಕೆಲಸ ಮಾಡಿದನೆಂದು ಗಾಲ್ಫ್ ಚರಿತ್ರೆ ಹೇಳುತ್ತದೆ. ಆ ಡ್ಯೂಕನೇ ಮುಂದೆ ದೊರೆ ಎರಡನೇ ಜೇಮ್ಸ್ ಆದ. ಕಾಣದ ಹೊಡೆತಕ್ಕೆ ಮೊದಲ ಉಪಕರಣ ಮನುಷ್ಯನೇ ಎನ್ನಬಹುದು.

ಸ್ಕಾಟ್ಲೆಂಡಿನಲ್ಲೊಂದು ಹಿಮಾಲಯ

ಗಾಲ್ಫ್ ಬೆಳೆದದ್ದು ಸ್ಕಾಟ್ಲೆಂಡಿನ ಕಡಲತೀರದ ಮರಳುದಿಬ್ಬಗಳ ನಡುವೆ. ಆಗ ಬುಲ್‌ಡೋಜರ್ ಇರಲಿಲ್ಲ. ದಿಬ್ಬ ಅಡ್ಡ ಬಂದರೆ ಅದನ್ನು ಕಡಿಯುವ ಮಾತಿಲ್ಲ, ಮೇಲಿಂದ ಹೊಡೆಯುವುದೇ ದಾರಿ. ಪಶ್ಚಿಮ ಕರಾವಳಿಯ ಪ್ರೆಸ್ಟ್‌ವಿಕ್ ಮೈದಾನ ಇದಕ್ಕೆ ಒಳ್ಳೆಯ ಉದಾಹರಣೆ. 1851ರಲ್ಲಿ ಟಾಮ್ ಮಾರಿಸ್ ಎಂಬ ಹೆಸರಾಂತ ಆಟಗಾರ ಇಲ್ಲಿ 12 ಹೋಲ್‌ಗಳನ್ನು ರೂಪಿಸಿದ. 1860ರಲ್ಲಿ ಮೊಟ್ಟಮೊದಲ ಓಪನ್ ಚಾಂಪಿಯನ್‌ಷಿಪ್ ನಡೆದದ್ದು ಇಲ್ಲೇ. ಅಂದು ಕಣದಲ್ಲಿದ್ದವರು ಎಂಟೇ ಮಂದಿ. ಗೆದ್ದವನು ವಿಲ್ಲಿ ಪಾರ್ಕ್.

ಈ ಮೈದಾನದ ಐದನೇ ಹೋಲಿನ ಹೆಸರು ಕೇಳಿದರೆ ನಮ್ಮವರಿಗೆ ನಗು ಬರಬಹುದು: ‘ಹಿಮಾಲಯಾಸ್’. ಟೀಯಿಂದ ಗ್ರೀನ್‌ಗೆ ಸುಮಾರು 200 ಗಜ ದೂರ. ನಡುವೆ ಹುಲ್ಲು ಬೆಳೆದ ಮರಳುದಿಬ್ಬ. ನಮ್ಮ ಕಣ್ಣಿಗೆ ಅದು ಒಂದು ಸಾಧಾರಣ ದಿಣ್ಣೆ. ಕೋಲು ಹಿಡಿದು ಕೆಳಗೆ ನಿಂತವನಿಗೆ ಮಾತ್ರ ಹಿಮಾಲಯವೇ ಸರಿ. ಹದಿನೇಳನೆಯ ಹೋಲಿಗೆ ‘ಆಲ್ಪ್ಸ್’ ಎಂದು ಹೆಸರು. ಆ ದಿಬ್ಬದಾಚೆ ಗ್ರೀನ್‌ಗೆ ಮುಂಚೆ ಸಿಗುವ ದೊಡ್ಡ ಮರಳುಗುಂಡಿಯ ಹೆಸರು ‘ಸಹಾರಾ’. ಒಂದೇ ಮೈದಾನದಲ್ಲಿ ಮೂರು ಖಂಡಗಳ ಭೂಗೋಳ! ಆಲ್ಪ್ಸ್ 1860ರ ಆ ಮೊದಲ ಸ್ಪರ್ಧೆಯಲ್ಲೂ ಇದ್ದ ಹೋಲ್.

ಹಿಮಾಲಯಾಸ್‌ನಲ್ಲಿ ದಿಬ್ಬದ ಮೈಮೇಲೆ ಬಣ್ಣದ ಬಿಲ್ಲೆಗಳನ್ನು ನೆಟ್ಟಿದ್ದಾರೆ. ಯಾವ ಬಣ್ಣದ ಟೀಯಿಂದ ಹೊಡೆಯುತ್ತೀರೋ ಆ ಬಣ್ಣದ ಬಿಲ್ಲೆಯ ಮೇಲಿಂದ ಚೆಂಡು ಹೋದರೆ ದಿಕ್ಕು ಸರಿ ಎಂದರ್ಥ. ಇದು ಎಲ್ಲಿಗೆ ಹೊಡೆಯಬೇಕು ಎಂಬುದಕ್ಕೆ ಉತ್ತರ. ಯಾವಾಗ ಹೊಡೆಯಬೇಕು ಎಂಬುದಕ್ಕೆ ಉತ್ತರ ದಿಬ್ಬದಾಚೆ ಇದೆ. ಅದೇ ಗಂಟೆ. ಮುಂದಿನ ತಂಡದವರು ಆಟ ಮುಗಿಸಿ ಗ್ರೀನ್ ಬಿಟ್ಟು ಹೊರಡುವಾಗ ಗಂಟೆಯನ್ನು ಬಾರಿಸುತ್ತಾರೆ. ಆ ಸದ್ದು ಕೇಳಿದ ಮೇಲೆಯೇ ಈಚೆಯವರು ಕೋಲು ಎತ್ತುವುದು.

ಆಲ್ಪ್ಸ್‌ನ ಖ್ಯಾತಿ ಎಷ್ಟೆಂದರೆ, ಅಮೆರಿಕದ ಲಾಂಗ್ ಐಲೆಂಡ್‌ನಲ್ಲಿ 20ನೇ ಶತಮಾನದ ಆರಂಭದಲ್ಲಿ ನ್ಯಾಷನಲ್ ಗಾಲ್ಫ್ ಲಿಂಕ್ಸ್ ಮೈದಾನ ನಿರ್ಮಿಸಿದ ಸಿ.ಬಿ. ಮ್ಯಾಕ್‌ಡೊನಾಲ್ಡ್ ಅದರ ಮಾದರಿಯಲ್ಲೇ ಒಂದು ಹೋಲ್ ಮಾಡಿಸಿದ. ಗುಡ್ಡದ ಜೊತೆಗೆ ಗಂಟೆಯೂ ಅಟ್ಲಾಂಟಿಕ್ ದಾಟಿತು.

ಮೌನದ ಅರ್ಥವೇನು?

ಗಂಟೆಯಲ್ಲಿ ಅಂಥ ಹೆಚ್ಚುಗಾರಿಕೆ ಏನಿದೆ, ಕೂಗಿದರೆ ಸಾಲದೆ? ಇಲ್ಲೇ ಒಂದು ಸೂಕ್ಷ್ಮವಿದೆ.

‘ಫೋರ್’ ಎಂಬ ಕೂಗು ಅಪಾಯದ ಸಂಕೇತ. ಅಂದರೆ ಕೂಗು ಕೇಳದಿದ್ದರೆ ಕ್ಷೇಮ ಎಂದು ನಾವು ಭಾವಿಸುತ್ತೇವೆ. ಆದರೆ ಕೂಗುವವನು ಮರೆತರೆ? ಗಾಳಿ ಅವನ ದನಿಯನ್ನು ಬೇರೆಡೆಗೆ ಒಯ್ದರೆ? ಆಗಲೂ ಮೌನವೇ. ಈ ಮೌನ ಸುಳ್ಳು ಹೇಳುತ್ತದೆ, ತಲೆ ಒಡೆಯುತ್ತದೆ. ಗಂಟೆ ಇದಕ್ಕೆ ತದ್ವಿರುದ್ಧ. ಅದು ಕ್ಷೇಮದ ಸಂಕೇತ. ಗಂಟೆ ಕೇಳದಿದ್ದರೆ ‘ನಿಲ್ಲು’ ಎಂದರ್ಥ. ಬಾರಿಸುವವನು ಮರೆತರೂ, ಗಾಳಿಗೆ ಸದ್ದು ಕೇಳದೇ ಹೋದರೂ ಆಗುವ ನಷ್ಟ ಹತ್ತು ನಿಮಿಷದ ಕಾಯುವಿಕೆ ಮಾತ್ರ.

ಹಳೆಯ ರೈಲು ನಿಲ್ದಾಣಗಳ ಕೈಮರವನ್ನು ನೆನಪಿಸಿಕೊಳ್ಳಿ. ತಂತಿ ಎಳೆದರೆ ಮಾತ್ರ ಅದರ ತೋಳು ‘ಹೋಗಬಹುದು’ ಎನ್ನುತ್ತಿತ್ತು. ತಂತಿ ತುಂಡಾದರೆ ಭಾರದ ಕಟ್ಟು ತೋಳನ್ನು ತಾನಾಗಿ ‘ನಿಲ್ಲು’ ಸ್ಥಿತಿಗೆ ತರುತ್ತಿತ್ತು. ಉಪಕರಣ ಕೆಟ್ಟರೂ ಕೆಡುಕಾಗಬಾರದು ಎಂಬುದು ಎಂಜಿನಿಯರುಗಳ ಮೊದಲ ಪಾಠ. ಗಾಲ್ಫ್ ಮೈದಾನದ ಗಂಟೆ ಅದೇ ಪಾಠವನ್ನು ಒಂದು ಲೋಹದ ಬಟ್ಟಲು, ಒಂದು ಹಗ್ಗದಲ್ಲಿ ಹೇಳುತ್ತದೆ.

ಕಲ್ಲು, ಕಂಬ, ಬಾವುಟ

ಇದೇ ಟಾಮ್ ಮಾರಿಸ್ 1894ರಲ್ಲಿ ಐರ್ಲೆಂಡಿನ ಪಶ್ಚಿಮ ಕರಾವಳಿಯ ಲಾಹಿಂಚ್‌ಗೆ ಹೋಗಿ ಅಲ್ಲಿನ ಮೈದಾನವನ್ನು ರೂಪಿಸಿದ. ಅಲ್ಲಿನ ‘ಡೆಲ್’ ಎಂಬ ಹೋಲಿನ ಗ್ರೀನ್ ಎತ್ತರದ ಎರಡು ಮರಳುದಿಬ್ಬಗಳ ನಡುವೆ ತೊಟ್ಟಿಲಲ್ಲಿ ಮಲಗಿದಂತಿದೆ. ಟೀಯಿಂದ ನೋಡಿದರೆ ಕಡ್ಡಿಯೂ ಇಲ್ಲ, ಬಾವುಟವೂ ಇಲ್ಲ. ಕಾಣುವುದು ಎದುರಿನ ದಿಬ್ಬದ ಮೇಲಿನ ಒಂದು ಬಿಳಿ ಕಲ್ಲು. ಕುಳಿಯ ಜಾಗ ಬದಲಾದಾಗ ಮೈದಾನದ ಸಿಬ್ಬಂದಿ ಕಲ್ಲನ್ನೂ ಅದಕ್ಕೆ ನೇರವಾಗಿ ಸರಿಸಿಡುತ್ತಾರೆ. ಕಲ್ಲನ್ನು ನಂಬಿ ಹೊಡೆಯಬೇಕು, ಅಷ್ಟೆ. ಪಕ್ಕದ ‘ಕ್ಲಾಂಡೈಕ್’ ಹೋಲಿನಲ್ಲಿ ದಿಬ್ಬದಾಚೆ ಬೇರೆ ಹೋಲಿನವರೂ ಅಡ್ಡ ಬರುವುದುಂಟು. ಅಲ್ಲಿ ದಿಬ್ಬದ ನೆತ್ತಿಯ ಮೇಲೆ ಬಾವುಟ ಹಿಡಿದ ಮನುಷ್ಯನೇ ನಿಂತು ಹೊಡೆಯಲು ಸನ್ನೆ ಮಾಡುತ್ತಾನೆ. ಮುನ್ನೂರು ವರ್ಷದ ಹಿಂದಿನ ಫೋರ್‌ಕ್ಯಾಡಿಯ ಉತ್ತರಾಧಿಕಾರಿ!

ಬೇರೆಡೆಗಳಲ್ಲಿ ದಿಬ್ಬದ ಮೇಲೆ ಬಣ್ಣ ಬಳಿದ ಕಂಬ ನೆಡುವುದೇ ವಾಡಿಕೆ. ಹೀಗೆ ಮೈದಾನದವರು ನೆಟ್ಟ ಗುರುತನ್ನು ಎಲ್ಲರೂ ಬಳಸಬಹುದು. ಆದರೆ ಆಟಗಾರ ತನಗಾಗಿ ದಾರಿಯಲ್ಲಿ ವಸ್ತುವೊಂದನ್ನು ಗುರುತಿಗೆ ಇಡುವಂತಿಲ್ಲ. ಸಹಾಯಕ ದಿಬ್ಬ ಹತ್ತಿ ದಿಕ್ಕು ತೋರಿಸಬಹುದು. ಹೊಡೆಯುವ ಮುನ್ನ ಅಲ್ಲಿಂದ ಸರಿದಿರಬೇಕು. ಗುರುತು ಎಲ್ಲರಿಗೂ ಸಮನಾಗಿರಲಿ ಎಂಬುದು ನಿಯಮದ ಆಶಯ.

ಜಲಾಂತರ್ಗಾಮಿಯ ಕಣ್ಣು

ಈ ಎಲ್ಲಕ್ಕಿಂತ ವಿಚಿತ್ರವಾದದ್ದು ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಈಲಿ ಎಂಬ ಊರಿನಲ್ಲಿದೆ. ಅಲ್ಲಿನ ಮೈದಾನದಲ್ಲಿ ಮೊದಲ ಹೊಡೆತವೇ ಕಾಣದ ಹೊಡೆತ. ಟೀಯ ಮುಂದೆಯೇ ಏರು. ಆಟ ಶುರುಮಾಡಿಸುವ ಅಧಿಕಾರಿಯ ಪುಟ್ಟ ಮನೆಯ ಚಾವಣಿಯಿಂದ ಕೊಳವೆಯೊಂದು ಎದ್ದು ನಿಂತಿದೆ. ಅದು ಬ್ರಿಟಿಷ್ ನೌಕಾದಳದ ‘ಎಕ್ಸ್‌ಕ್ಯಾಲಿಬರ್’ ಜಲಾಂತರ್ಗಾಮಿಯ ಪೆರಿಸ್ಕೋಪು! ಹೈಡ್ರೊಜನ್ ಪೆರಾಕ್ಸೈಡ್ ಬಳಸಿ ಓಡಿಸುವ ಪ್ರಯೋಗಕ್ಕೆಂದು 1950ರ ದಶಕದಲ್ಲಿ ಕಟ್ಟಿದ ನೌಕೆ ಅದು. ಅಣುಶಕ್ತಿಯ ಜಲಾಂತರ್ಗಾಮಿಗಳು ಬಂದ ಮೇಲೆ ಅದಕ್ಕೆ ಕೆಲಸವಿಲ್ಲದಾಯಿತು. 1966ರಲ್ಲಿ ಅದರ ಕಣ್ಣು ಈಲಿಗೆ ಬಂತು. ಅಂದಿನಿಂದ ಅಧಿಕಾರಿ ಏರಿನಾಚೆ ಇಣುಕಿ ನೋಡಿ, ಮುಂದಿನವರು ಸರಿದಿದ್ದಾರೆಂದು ಖಚಿತವಾದ ಮೇಲೆ ‘ಹೊಡೆಯಿರಿ’ ಎನ್ನುವುದು ಅಲ್ಲಿನ ಪದ್ಧತಿ. ಸಮುದ್ರದಲ್ಲಿ ಗುರಿ ಹುಡುಕಲು ಮಾಡಿದ ಉಪಕರಣ ನೆಲದ ಮೇಲೆ ಪೆಟ್ಟು ತಪ್ಪಿಸಲು ನಿಂತಿತು.

ಪೆರಿಸ್ಕೋಪನ್ನು ನೀವೂ ಮಾಡಬಹುದು. ಉದ್ದನೆಯ ರಟ್ಟಿನ ಪೆಟ್ಟಿಗೆಯೊಂದನ್ನು ನಿಲ್ಲಿಸಿ, ಮೇಲ್ತುದಿಯಲ್ಲಿ ಮುಂದಕ್ಕೆ ಒಂದು ಕಿಂಡಿ, ಕೆಳತುದಿಯಲ್ಲಿ ಹಿಂದಕ್ಕೆ ಒಂದು ಕಿಂಡಿ ಕೊರೆಯಿರಿ. ಎರಡೂ ಕಿಂಡಿಗಳ ಎದುರು ಒಂದೊಂದು ಚಿಕ್ಕ ಕನ್ನಡಿಯನ್ನು 45 ಡಿಗ್ರಿ ಓರೆಯಲ್ಲಿ, ಒಂದಕ್ಕೊಂದು ಸಮಾನಾಂತರವಾಗಿ, ಮುಖಾಮುಖಿಯಾಗಿ ಅಂಟಿಸಿ. ಮೇಲಿನ ಕನ್ನಡಿ ಬೆಳಕನ್ನು ಕೆಳಗಿಳಿಸುತ್ತದೆ, ಕೆಳಗಿನದು ಕಣ್ಣಿಗೆ ತಿರುಗಿಸುತ್ತದೆ. ಕಾಂಪೌಂಡ್ ಗೋಡೆಯಾಚೆಯ ಬೀದಿ ಕಾಣುತ್ತದೆ. ಕನ್ನಡಿಯ ಅಂಚಿಗೆ ಹಿರಿಯರಿಂದ ಟೇಪು ಸುತ್ತಿಸಿಕೊಳ್ಳಿ. ಸೂರ್ಯನತ್ತ ಮಾತ್ರ ತಿರುಗಿಸಬೇಡಿ.

ಹೊಣೆ ಯಾರದು?

ಇತ್ತೀಚಿನ ವರ್ಷಗಳಲ್ಲಿ ಉಪಗ್ರಹದ ನೆರವಿನಿಂದ ದೂರ ಹೇಳುವ ಯಂತ್ರಗಳು ಬಂದಿವೆ. ಕುಳಿ ಎಷ್ಟು ಮೀಟರ್ ಆಚೆಗಿದೆ ಎಂದು ಅವು ಕರಾರುವಾಕ್ಕಾಗಿ ಹೇಳುತ್ತವೆ. ಆದರೆ ಅಲ್ಲಿ ಯಾರಾದರೂ ಬಗ್ಗಿ ಚೆಂಡು ಎತ್ತಿಕೊಳ್ಳುತ್ತಿದ್ದಾರೆಯೇ ಎಂಬುದನ್ನು ದೂರದ ಅಂಕಿ ಹೇಳದು.

ಈ ವಿಷಯ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. 2007ರಲ್ಲಿ ಸ್ಕಾಟ್ಲೆಂಡಿನ ಒಂದು ಕ್ಲಬ್ಬಿನಲ್ಲಿ, ಒಂದು ಹೋಲ್ ಮುಗಿಸಿ ಇನ್ನೊಂದಕ್ಕೆ ಕಾಲುದಾರಿಯಲ್ಲಿ ನಡೆದು ಹೋಗುತ್ತಿದ್ದ ಆಟಗಾರರೊಬ್ಬರಿಗೆ ಬೇರೆ ಟೀಯಿಂದ ಬಂದ ಚೆಂಡು ಬಡಿದು ಒಂದು ಕಣ್ಣೇ ಹೋಯಿತು. ಅಲ್ಲಿ ಪ್ರಶ್ನೆ ಗುಡ್ಡದ್ದಲ್ಲ, ಎಚ್ಚರಿಕೆಯ ಫಲಕದ್ದು. ಅದು ಇರಲಿಲ್ಲ. ಮೊದಲ ತೀರ್ಪು ಹೊಣೆಯ ಹೆಚ್ಚು ಪಾಲನ್ನು ಚೆಂಡು ಹೊಡೆದವರ ಮೇಲೆ ಹೊರಿಸಿತ್ತು. 2013ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿತು: ಕ್ಲಬ್ಬಿನ ಪಾಲು ನೂರಕ್ಕೆ 80, ಹೊಡೆದವರದು 20. ಪರಿಹಾರದ ಮೊತ್ತ ಸುಮಾರು 4 ಲಕ್ಷ ಪೌಂಡ್. ಒಂದು ಹಲಗೆ, ಒಂದಿಷ್ಟು ಬಣ್ಣಕ್ಕೆ ಆಗುವ ಖರ್ಚಿನ ಜೊತೆ ಇದನ್ನು ಹೋಲಿಸಿ ನೋಡಿ. ಹಣದಿಂದ ಕಣ್ಣು ಮರಳಿ ಬರಲಿಲ್ಲ ಎಂಬುದು ಬೇರೆ ಮಾತು.

ಬೆಂಗಳೂರಿನಲ್ಲಿ ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಆದರೂ ನಮ್ಮಲ್ಲಿ ಬಹಳಷ್ಟು ಮಂದಿಗೆ ಈ ಆಟ ಬೇಲಿಯಾಚೆಯದೇ. ಅದು ಹಾಗೇ ಇರಲಿ. ಗಂಟೆಯ ಪಾಠಕ್ಕೆ ಮಾತ್ರ ಬೇಲಿಯಿಲ್ಲ. ಗುಡ್ಡದಾಚೆ ಆಟ ಮುಗಿಸಿದವನಿಗೆ ಗಂಟೆ ಬಾರಿಸುವುದರಿಂದ ಒಂದು ಅಂಕವೂ ಸಿಗುವುದಿಲ್ಲ. ಅವನ ಕೆಲಸ ಆಗಿದೆ, ಮುಂದಿನ ಹೋಲ್ ಕರೆಯುತ್ತಿದೆ. ಕಾಯುತ್ತಿರುವವರ ಮುಖ ಅವನಿಗೆ ಕಾಣದು, ಅವರೂ ಅವನನ್ನು ನೋಡಿಲ್ಲ. ಆದರೂ ಎರಡು ಹೆಜ್ಜೆ ಪಕ್ಕಕ್ಕೆ ಹೋಗಿ ಹಗ್ಗ ಎಳೆಯುತ್ತಾನೆ. ಈಚೆಯವನೂ ಅಷ್ಟೇ: ತನ್ನನ್ನು ಯಾರೂ ನೋಡುತ್ತಿಲ್ಲವೆಂದು ಗೊತ್ತಿದ್ದೂ, ಸದ್ದು ಕೇಳುವ ತನಕ ಕೋಲೂರಿ ನಿಂತಿರುತ್ತಾನೆ. ಇಬ್ಬರಲ್ಲಿ ಒಬ್ಬ ತಪ್ಪಿದರೂ ಗಂಟೆ ಬರೀ ಲೋಹ. ಇಬ್ಬರೂ ಪಾಲಿಸಿದರೆ, ಗುಡ್ಡ ಇದ್ದಲ್ಲೇ ಇದ್ದರೂ ಆಟ ಸುಸೂತ್ರವಾಗಿ ಮುಂದೆ ಸಾಗುತ್ತದೆ.